ಕಡಲಿಲ್ಲದ ಊರಿನವರ ಕಡಲಾಚೆಯ ಬದುಕು

ಕರ್ನಾಟಕದ ಮುಸ್ಲಿಮರ ಪರದೇಶದ ಬದುಕಿನ ಮಾತು ಬಂದಾಗಲೆಲ್ಲ ಕಣ್ಣು ಕರಾವಳಿಯ ಕಡೆ ಹೊರಳುತ್ತದೆ. ಭಟ್ಕಳದ ನವಾಯತರು, ದಕ್ಷಿಣ ಕನ್ನಡದ ಬ್ಯಾರಿಗಳು ಕಡಲ ವ್ಯಾಪಾರದ ಪರಂಪರೆಯುಳ್ಳವರು. ದುಬೈಯಲ್ಲೋ ಜಿದ್ದಾದಲ್ಲೋ ಇಳಿದ ಭಟ್ಕಳದ ಹುಡುಗನಿಗೆ ಅಲ್ಲಿ ಊರಿನ ಜಮಾಅತ್ ಇರುತ್ತದೆ, ಮೊದಲ ತಿಂಗಳು ಕೋಣೆಯಲ್ಲಿ ಜಾಗ ಕೊಡುವ ಪರಿಚಯದವರು ಇರುತ್ತಾರೆ. ಚಾಮರಾಜನಗರ, ಗುಂಡ್ಲುಪೇಟೆಯಂಥ ಒಳನಾಡಿನ ಊರುಗಳಿಂದ ಹೊರಟವರ ಕಥೆ ಬೇರೆ. ಮನೆಯಲ್ಲಿ ದಕ್ಖನಿ ಉರ್ದು, ಬೀದಿಯಲ್ಲಿ ಕನ್ನಡ, ಸಂತೆಯಲ್ಲಿ ಅಷ್ಟಿಷ್ಟು ತಮಿಳು, ಮಲಯಾಳ ಬಲ್ಲ ಇವರ ಹಿರಿಯರು ಹಡಗು ಕಂಡವರಲ್ಲ. ಮೈಸೂರಿನಿಂದ ಬರುವ ರೈಲು ಚಾಮರಾಜನಗರದಲ್ಲಿ ನಿಂತುಬಿಡುತ್ತದೆ. ಗುಂಡ್ಲುಪೇಟೆಗೆ ಅದೂ ಇಲ್ಲ.

ಇಂಥ ಊರಿನಿಂದ ಹೊರಡುವವನ ಪ್ರಶ್ನೆಗಳು ಸರಳವಾದವು. ನನ್ನ ಕಾಗದ ಯಾರ ಕೈಯಲ್ಲಿರುತ್ತದೆ? ಹೋಗಲು ಮಾಡಿದ ಸಾಲ ಎಂದಿಗೆ ತೀರುತ್ತದೆ? ದುಡ್ಡು ಊರಿಗೆ ಹೇಗೆ ಮುಟ್ಟುತ್ತದೆ? ಕಾಯಿಲೆ ಬಿದ್ದರೆ ನೋಡುವವರು ಯಾರು? ಸತ್ತರೆ ಮಣ್ಣು ಎಲ್ಲಿ? ಈ ಪ್ರಶ್ನೆಗಳಿಗೂ ಒಂದು ಚರಿತ್ರೆಯಿದೆ. ಅದನ್ನು ನೋಡಿದಾಗ ಪ್ರಶ್ನೆಗಳು ಹಳೆಯವೇ ಎಂದೂ, ಉತ್ತರ ಹೇಳುವವರು ಮಾತ್ರ ಬದಲಾಗುತ್ತ ಬಂದಿದ್ದಾರೆ ಎಂದೂ ತಿಳಿಯುತ್ತದೆ.

ಮಸ್ಕತ್ತಿನ ಕೋಠಿ

ಮೈಸೂರು ಸೀಮೆಯವರು ಅರಬರ ದಂಡೆಯಲ್ಲಿ ಇದ್ದು ಬದುಕಿದ್ದಕ್ಕೆ ಒಳ್ಳೆಯ ದಾಖಲೆಗಳು ಟಿಪ್ಪು ಸುಲ್ತಾನನ ಕಾಲದಿಂದ ಸಿಗುತ್ತವೆ. ಮಸ್ಕತ್ತಿನಲ್ಲಿ ಸುಲ್ತಾನನ ವ್ಯಾಪಾರದ ಕೋಠಿಯಿತ್ತು. ಅದರ ದಾರೋಗ ಮೀರ್ ಕಾಜಿಮ್‌ಗೆ ಸುಲ್ತಾನ ಬರೆಸಿದ ಪತ್ರಗಳು, ವಿಲಿಯಂ ಕರ್ಕ್‌ಪ್ಯಾಟ್ರಿಕ್ 1811ರಲ್ಲಿ ಪ್ರಕಟಿಸಿದ ಇಂಗ್ಲಿಷ್ ಅನುವಾದದಲ್ಲಿ ಉಳಿದಿವೆ. ಗಂಧದ ಮರವನ್ನು ಯಾವ ಬೆಲೆಗೆ ಮಾರಬೇಕು ಎಂಬಂಥ ವ್ಯವಹಾರದ ಮಾತು ಅವುಗಳಲ್ಲಿದೆ. ರೇಷ್ಮೆ ಹುಳುಗಳನ್ನೂ ಅವನ್ನು ಸಾಕಬಲ್ಲವರನ್ನೂ ಹುಡುಕಿ ಕಳಿಸಬೇಕೆಂಬ ಅಪ್ಪಣೆಯೂ ಇದೆ. ಕೊಳ್ಳೇಗಾಲ, ಚಾಮರಾಜನಗರದ ಕಡೆ ರೇಷ್ಮೆಗೂಡಿನಿಂದ ಬದುಕುವ ಮನೆಗಳವರು ಈ ಪತ್ರವನ್ನು ಓದಿದರೆ ಮಸ್ಕತ್ತು ಅಷ್ಟು ದೂರದ್ದೆಂದು ಅನ್ನಿಸಲಾರದು.

1786ರ ಮಾರ್ಚಿನಲ್ಲಿ ಉತ್ತರ ಕನ್ನಡದ ತದಡಿ ಬಂದರಿನಿಂದ ನಾಲ್ಕು ಹಡಗುಗಳಲ್ಲಿ ಸುಲ್ತಾನನ ನಿಯೋಗವೊಂದು ಇಸ್ತಾಂಬುಲಿಗೆ ಹೊರಟಿತು. ಗುಲಾಮ್ ಅಲಿ ಖಾನ್ ಅದರ ಮುಖ್ಯಸ್ಥ. ಸೈನಿಕರು, ಸೇವಕರು, ಗುಮಾಸ್ತರು ಸೇರಿ ಸುಮಾರು 900 ಮಂದಿ. ಜೊತೆಗೆ ಹೇರಿದ್ದ ಸರಕನ್ನು ಮಾರಿಕೊಂಡು ಖರ್ಚು ತೂಗಿಸಬೇಕೆಂಬ ಏರ್ಪಾಡು. ಮಸ್ಕತ್ತಿನ ಮೂಲಕ ಬಸ್ರಾ ತಲುಪಿದ ಮೇಲೆ ಮುಂದಿನ ಪ್ರಯಾಣದ ಅನುಮತಿಗಾಗಿ ತಿಂಗಳುಗಟ್ಟಲೆ ಕಾಯಬೇಕಾಯಿತು. ನಿಯೋಗದ ಜೊತೆಗಿದ್ದ ಖ್ವಾಜಾ ಅಬ್ದುಲ್ ಖಾದಿರ್ ಫಾರ್ಸಿಯಲ್ಲಿ ದಿನಚರಿ ಬರೆದಿಟ್ಟ. ಇತಿಹಾಸಕಾರ ಮೊಹಿಬ್ಬುಲ್ ಹಸನ್ ಅದನ್ನು 1968ರಲ್ಲಿ ಸಂಪಾದಿಸಿ ಹೊರತಂದರು. ಹಡಗಿನ ಅವಘಡ, ಚಳಿ, ಇಸ್ತಾಂಬುಲಿನ ಪ್ಲೇಗು ಎಲ್ಲ ಸೇರಿ ಆ 900ರಲ್ಲಿ ತಾಯ್ನಾಡಿಗೆ ಮರಳಿದವರು ಬೆರಳೆಣಿಕೆಯವರು. ಸುಲ್ತಾನನ ಮೊಹರು ಹೊತ್ತವರ ಪಾಡೇ ಹೀಗಿತ್ತು. ಆದರೂ ಅವರಿಗೆ ಒಂದು ಅನುಕೂಲವಿತ್ತು. ಹೋದವರ ಹೆಸರು, ಹುದ್ದೆ ದಫ್ತರದಲ್ಲಿತ್ತು. ಅವರಿಗೆ ಉತ್ತರ ಹೇಳಬೇಕಾದವನು ರಾಜ್ಯವನ್ನಾಳುವವನೇ ಆಗಿದ್ದ.

ಘಟ್ಟದಾಚೆಯ ಪರದೇಶ

ಬಡವನ ಪರದೇಶ ಇಷ್ಟು ದೂರದ್ದಲ್ಲ. 1956ರವರೆಗೆ ಕೊಳ್ಳೇಗಾಲ ಮದರಾಸು ಪ್ರಾಂತದ ಕೊಯಮತ್ತೂರು ಜಿಲ್ಲೆಯಲ್ಲಿತ್ತು. ನೀಲಗಿರಿ, ವಯನಾಡು ಕೂಡ ಮದರಾಸಿನವೇ. ಮೈಸೂರು ಸಂಸ್ಥಾನದ ಪ್ರಜೆಗೆ ಪರರಾಜ್ಯ ಒಂದು ದಿನದ ನಡಿಗೆಯಲ್ಲೇ ಸಿಗುತ್ತಿತ್ತು. ಹತ್ತೊಂಬತ್ತನೆಯ ಶತಮಾನದಲ್ಲಿ ಆ ಬೆಟ್ಟಗಳಲ್ಲಿ ಕಾಫಿ, ಚಹಾ ತೋಟಗಳು ಎದ್ದ ಮೇಲೆ ಮೈಸೂರು ಕಡೆಯ ಕೂಲಿಗಳಿಗೆ ಬೇಡಿಕೆ ಬಂತು. ಅವರನ್ನು ಕರೆದೊಯ್ಯುತ್ತಿದ್ದವನು ಮೇಸ್ತ್ರಿ. ಅವನು ಮುಂಗಡ ಕೊಡುತ್ತಿದ್ದ. ಆ ಮುಂಗಡ ತೀರುವವರೆಗೆ ಕೂಲಿಯವನು ತೋಟ ಬಿಡುವಂತಿರಲಿಲ್ಲ. ಬಿಟ್ಟು ಓಡಿದರೆ 1859ರ ಕಾಯ್ದೆಯೊಂದು ಕಾಯುತ್ತಿತ್ತು. ಮುಂಗಡ ಪಡೆದು ಕೆಲಸ ಬಿಟ್ಟವನನ್ನು ಆ ಕಾಯ್ದೆ ಸಾಲಗಾರನೆಂದಷ್ಟೇ ನೋಡದೆ ಅಪರಾಧಿಯೆಂದು ಶಿಕ್ಷಿಸುತ್ತಿತ್ತು. 1925ರಲ್ಲಷ್ಟೇ ಅದನ್ನು ರದ್ದುಗೊಳಿಸಲಾಯಿತು.

ಇದನ್ನು ಇಷ್ಟು ವಿವರವಾಗಿ ಹೇಳಲು ಕಾರಣವಿದೆ. ಮುಂದೆ ಗಲ್ಫಿನ ಬಾಗಿಲು ತೆರೆದಾಗ ಒಳನಾಡಿನವನ ಕೈ ಹಿಡಿದ ಏಜೆಂಟ್ ಈ ಮೇಸ್ತ್ರಿಯ ವಾರಸುದಾರನೇ. ಮುಂಗಡ ಕೊಡುವ ಬದಲು ಇವನು ಮುಂಗಡ ಪಡೆಯುತ್ತಾನೆ, ಅಷ್ಟೇ ವ್ಯತ್ಯಾಸ. ಅಲ್ಲಿ ತೋಟದ ದೊರೆ ಇದ್ದ ಜಾಗದಲ್ಲಿ ಕಫೀಲ್ ಬಂದ. ಸೌದಿಯಲ್ಲಿ ಕಫೀಲನನ್ನು ಬಿಟ್ಟುಹೋದವನ ಮೇಲೆ ಬೀಳುವ 'ಹುರೂಬ್' ಎಂಬ ದೂರು, 1859ರ ಆ ಕಾಯ್ದೆಯ ಮುಖವನ್ನೇ ನೆನಪಿಸುತ್ತದೆ.

ರೂಪಾಯಿ ನಡೆಯುತ್ತಿದ್ದ ಗಲ್ಫು

ಈ ಊರುಗಳ ಸಾಮಾನ್ಯ ಮುಸ್ಲಿಮನಿಗೆ ಕಡಲು ದಾಟುವುದೆಂದರೆ ಬಹುಕಾಲ ಹಜ್ ಒಂದೇ. ಬೊಂಬಾಯಿಗೆ ರೈಲು, ಅಲ್ಲಿಂದ ಜಿದ್ದಾಕ್ಕೆ ಹಡಗು. ಹೋಗುವ ಮುನ್ನ ಸಾಲ ತೀರಿಸಿ, ನೆಂಟರಿಷ್ಟರಲ್ಲಿ ಮಾಫಿ ಕೇಳಿ, ವಸಿಯ್ಯತ್ ಹೇಳಿ ಹೊರಡುವುದು ವಾಡಿಕೆ. ಹಜ್ಜಿನ ಹಡಗು 1995ಕ್ಕೆ ನಿಂತಿತು. ಪರದೇಶಕ್ಕೆ ಹೊರಡುವ ಮುನ್ನ ಲೆಕ್ಕ ಚುಕ್ತಾ ಮಾಡುವ ಆ ಶಿಸ್ತು ದುಡಿಯಲು ಹೋಗುವವರಲ್ಲಿ ಮುಂದುವರಿಯಲಿಲ್ಲ. ಹಾಜಿ ಸಾಲ ತೀರಿಸಿ ಹೋದರೆ ಇವರು ಸಾಲ ಮಾಡಿ ಹೋದರು.

ಇನ್ನೊಂದು ಸಂಗತಿಯನ್ನು ಇಂದಿನ ಹುಡುಗರು ನಂಬಲಾರರು. ಆ ಕಾಲದಲ್ಲಿ ಕುವೈತ್, ಬಹ್ರೇನ್, ಕತಾರ್, ದುಬೈಗಳಲ್ಲಿ ನಡೆಯುತ್ತಿದ್ದದ್ದು ನಮ್ಮ ರೂಪಾಯಿಯೇ. ಚಿನ್ನದ ಕಳ್ಳಸಾಗಣೆ ತಡೆಯಲು 1959ರಲ್ಲಿ ಭಾರತದ ರಿಸರ್ವ್ ಬ್ಯಾಂಕು ಗಲ್ಫಿಗೆಂದೇ ಬೇರೆ ಬಣ್ಣದ ನೋಟು ಅಚ್ಚು ಹಾಕಿತು. ಹಾಜಿಗಳಿಗೂ ಪ್ರತ್ಯೇಕ ನೋಟು ಬಂತು. ಕುವೈತ್ 1961ರಲ್ಲಿ ತನ್ನದೇ ದಿನಾರ್ ತಂದಿತು. 1966ರಲ್ಲಿ ನಮ್ಮ ರೂಪಾಯಿಯ ಬೆಲೆ ಇಳಿಸಿದ ಮೇಲೆ ಕತಾರ್, ದುಬೈಗಳೂ ಅದನ್ನು ಕೈಬಿಟ್ಟವು. 1973ರಲ್ಲಿ ಎಣ್ಣೆಯ ಬೆಲೆ ಏರಿದಾಗ ಒಂದು ಕಾಲದಲ್ಲಿ ನಮ್ಮ ನೋಟು ಎಣಿಸುತ್ತಿದ್ದ ಊರುಗಳಿಗೆ ನಾವು ಕೂಲಿಗೆ ಹೊರಟೆವು.

ಕಾಗದದ ಕಾಲ

ಈ ಕೂಲಿಗೆ ಇದ್ದ ಕಾನೂನು 1922ರ ವಲಸೆ ಕಾಯ್ದೆ. ಗಿರಮಿಟಿಯಾ ಕೂಲಿಗಳ ಅನುಭವದಿಂದ ಹುಟ್ಟಿದ ಅದಕ್ಕೆ ಗಲ್ಫಿನ ಲೋಕ ಗೊತ್ತಿರಲಿಲ್ಲ. ಪಾಸ್‌ಪೋರ್ಟ್ ಕೊಡುವುದು ಬಿಡುವುದು ಸರ್ಕಾರದ ಮರ್ಜಿಯಾಗಿತ್ತು. 1967ರ ಏಪ್ರಿಲಿನಲ್ಲಿ ಸತ್ವಂತ್ ಸಿಂಗ್ ಸಾಹ್ನಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ವಿದೇಶಕ್ಕೆ ಹೋಗುವುದು ವ್ಯಕ್ತಿ ಸ್ವಾತಂತ್ರ್ಯದ ಭಾಗವೆಂದು ತೀರ್ಪಿತ್ತಿತು. ಅದೇ ವರ್ಷ ಪಾಸ್‌ಪೋರ್ಟ್ ಕಾಯ್ದೆ ಬಂತು. ನೋಂದಣಿ ಇಲ್ಲದ ಏಜೆಂಟ್ ಆಳು ಕಳಿಸುವಂತಿಲ್ಲ ಎಂಬ ನಿಯಮ ಬರಲು 1983ರ ವಲಸೆ ಕಾಯ್ದೆಯವರೆಗೆ ಕಾಯಬೇಕಾಯಿತು. ಹತ್ತನೆಯ ತರಗತಿ ದಾಟದವರು ಗಲ್ಫ್ ಸೇರಿದಂತೆ ಗೊತ್ತುಪಡಿಸಿದ ದೇಶಗಳಿಗೆ ಕೆಲಸಕ್ಕೆ ಹೋಗಬೇಕಾದರೆ ವಲಸೆ ಅಧಿಕಾರಿಯ ಅನುಮತಿ ಬೇಕೆಂಬುದು ಈ ಕಾಯ್ದೆಯ ವ್ಯವಸ್ಥೆಯೇ.

ಕಾನೂನು ಒಂದು ಕಡೆ, ದೂರ ಇನ್ನೊಂದು ಕಡೆ. ಚಾಮರಾಜನಗರ ಜಿಲ್ಲೆಯಾದದ್ದು 1997ರಲ್ಲಿ. ಅಲ್ಲಿಯವರೆಗೆ ಜಿಲ್ಲಾ ಕಚೇರಿಯ ಪ್ರತಿ ಕಾಗದಕ್ಕೂ ಮೈಸೂರು, ಪಾಸ್‌ಪೋರ್ಟಿಗೆ ಬೆಂಗಳೂರು. ಒಂದು ದಿನದ ಕೂಲಿ ಬಿಟ್ಟು ಬೆಂಗಳೂರಿಗೆ ಹೋದವನಿಗೆ ಅರ್ಜಿಯಲ್ಲಿ ಏನೋ ಕೊರತೆಯೆಂದರೆ ಮತ್ತೊಂದು ದಿನದ ಕೂಲಿ ಹೋಯಿತು. ಏಜೆಂಟನ ಬಲವಿದ್ದದ್ದು ಇಲ್ಲೇ. ಅವನು ಕದ್ದು ಮುಚ್ಚಿ ಮಾಡುತ್ತಿದ್ದದ್ದಕ್ಕಿಂತ, ಬಹಿರಂಗವಾಗಿ ಮಾಡಿಕೊಡುತ್ತಿದ್ದ ಓಡಾಟಕ್ಕೇ ಜನ ದುಡ್ಡು ಕೊಡುತ್ತಿದ್ದರು. ದೇಶದ ಮೊದಲ ಅಂಚೆ ಕಚೇರಿ ಪಾಸ್‌ಪೋರ್ಟ್ ಕೇಂದ್ರಗಳಲ್ಲೊಂದು 2017ರ ಜನವರಿಯಲ್ಲಿ ಮೈಸೂರಿನಲ್ಲಿ ತೆರೆದಾಗ ಈ ದೂರ ಸ್ವಲ್ಪ ಕಡಿಮೆಯಾಯಿತು.

ಕಾಗದದ ಬೆಲೆ ಏನೆಂದು ತೋರಿಸಿದ್ದು 1990. ಆಗಸ್ಟ್ 2ರಂದು ಇರಾಕ್ ಕುವೈತಿಗೆ ನುಗ್ಗಿದಾಗ ಅಲ್ಲಿ ಸುಮಾರು 1.7 ಲಕ್ಷ ಭಾರತೀಯರಿದ್ದರು. ಬಹುಪಾಲು ಜನ ಮರುಭೂಮಿ ದಾಟಿ ಜೋರ್ಡಾನಿನ ಅಮ್ಮಾನಿಗೆ ಬಂದರು. ಅಲ್ಲಿಂದ ಏರ್ ಇಂಡಿಯಾ 59 ದಿನಗಳಲ್ಲಿ 488 ಹಾರಾಟ ನಡೆಸಿ ಲಕ್ಷಕ್ಕೂ ಹೆಚ್ಚು ಮಂದಿಯನ್ನು ಕರೆತಂದಿತು. ಮುಂದೆ ವಿಶ್ವಸಂಸ್ಥೆಯ ಪರಿಹಾರ ಆಯೋಗ, ಕುವೈತ್ ತೊರೆದವರಿಗೆ ತಲಾ 2,500ರಿಂದ 4,000 ಡಾಲರ್ ಪರಿಹಾರ ನಿಗದಿ ಮಾಡಿತು. ಅದನ್ನು ಕೇಳಲು ಅಲ್ಲಿದ್ದೆ ಎಂಬುದಕ್ಕೆ ಪುರಾವೆ ಬೇಕಿತ್ತು. ಪಾಸ್‌ಪೋರ್ಟ್, ಇಖಾಮ ಕಫೀಲನ ಪೆಟ್ಟಿಗೆಯಲ್ಲಿ ಬಿಟ್ಟು ಓಡಿಬಂದವನಿಗೆ, ಒಂದು ಪ್ರತಿಯಾದರೂ ಊರಿನ ಮನೆಯಲ್ಲಿ ಇದ್ದಿದ್ದರೆ ಎಂಬ ಮಾತಿನ ಅರ್ಥ ಆಗ ತಿಳಿಯಿತು.

ಖತ್, ಡ್ರಾಫ್ಟ್, ಜಮೀನು

1990ರ ದಶಕದ ಮೊದಲ ವರ್ಷಗಳಲ್ಲಿ ಉರ್ದು ಶಾಲೆಯಲ್ಲಿ ಕಲಿಯುತ್ತಿದ್ದ ನಮ್ಮಂಥ ಹುಡುಗರಿಗೆ ಮೊಹಲ್ಲಾದಲ್ಲಿ ಒಂದು ಕೆಲಸವಿತ್ತು: ಖತ್ ಬರೆದುಕೊಡುವುದು, ಬಂದದ್ದನ್ನು ಓದಿ ಹೇಳುವುದು. ಇಲ್ಲಿ ಎಲ್ಲರೂ ಖೈರಿಯತ್, ನಿಮ್ಮ ಖೈರಿಯತ್ತಿಗೆ ದುವಾ ಎಂಬ ಒಕ್ಕಣೆ ಮುಗಿದ ಮೇಲೆ ಖಾಲಾಗಳು ದನಿ ತಗ್ಗಿಸುತ್ತಿದ್ದರು. ಡ್ರಾಫ್ಟ್ ಬಂದಿಲ್ಲ, ಬಡ್ಡಿಯವನು ಬಂದು ಹೋದ, ಮಾವನವರಿಗೆ ಗೊತ್ತಾಗಬಾರದು. ಒಂದು ಖತ್ತಿಗೆ ಉತ್ತರ ಬರಲು ತಿಂಗಳಾಗುತ್ತಿತ್ತು. ಆಮೇಲೆ ಎಸ್‌ಟಿಡಿ ಬೂತು ಬಂತು, ಮೊಬೈಲು ಬಂತು. ಮಾತು ಸುಲಭವಾಯಿತು, ಮುಚ್ಚಿಡುವುದೂ ಅಷ್ಟೇ ಸುಲಭವಾಯಿತು.

ಹಣ ಕಳಿಸುವ ದಾರಿಗಳೂ ಹುಂಡಿಯಿಂದ ಡ್ರಾಫ್ಟಿಗೆ, ಡ್ರಾಫ್ಟಿನಿಂದ ನೇರ ಬ್ಯಾಂಕಿಗೆ ಬಂದವು. 2024ರಲ್ಲಿ ಭಾರತಕ್ಕೆ ಹೊರಗಿನಿಂದ ಬಂದ ಹಣ ಸುಮಾರು 129 ಶತಕೋಟಿ ಡಾಲರ್ ಎಂದು ವಿಶ್ವಬ್ಯಾಂಕಿನ ಲೆಕ್ಕ. ಆದರೆ ಬಂದ ಹಣ ಯಾರ ಹೆಸರಿನಲ್ಲಿ ನಿಲ್ಲುತ್ತದೆ ಎಂಬುದು ಇಂದಿಗೂ ಇತ್ಯರ್ಥವಾಗದ ಪ್ರಶ್ನೆ. ಅನಿವಾಸಿಯಾದವನು ಭಾರತದಲ್ಲಿ ಕೃಷಿ ಭೂಮಿ ಕೊಳ್ಳುವಂತಿಲ್ಲ. ಪಿತ್ರಾರ್ಜಿತವಾಗಿ ಪಡೆಯಬಹುದು ಅಷ್ಟೇ. ಊರಿನಲ್ಲಿದ್ದ ಹಳೆಯ ಉಳಿತಾಯ ಖಾತೆಯನ್ನೂ ಅನಿವಾಸಿ ಖಾತೆಯಾಗಿ ಬದಲಿಸಿಕೊಳ್ಳಬೇಕು. ಇದು ತಿಳಿಯದೆಯೋ, ತಿಳಿದೂ ಬೇರೆ ದಾರಿ ಕಾಣದೆಯೋ ಎಷ್ಟೋ ಮಂದಿ ಅಣ್ಣನ ಹೆಸರಿಗೆ, ಬಾವನ ಹೆಸರಿಗೆ ಜಮೀನು ಬರೆಸಿದರು. ಹದಿನೈದು ವರ್ಷ ದುಡಿದು ಬಂದವನು ತನ್ನ ದುಡ್ಡಿನ ಹೊಲದ ಬದುವಿನಲ್ಲಿ ಅತಿಥಿಯಂತೆ ನಿಂತದ್ದನ್ನು ನಾವು ಕಂಡಿದ್ದೇವೆ. ಹೆಂಡತಿಗೆ ಕೇಳದೆ, ಕಾಗದ ಮಾಡದೆ ನಡೆದ ವ್ಯವಹಾರಗಳಲ್ಲಿ ಮೊದಲು ಬೀದಿಗೆ ಬೀಳುವವಳು ಅವಳೇ.

ಸಂಸಾರವನ್ನು ಜೊತೆಗೆ ಕರೆದೊಯ್ದವರದೂ ನೆಮ್ಮದಿಯಾಗಿರಲಿಲ್ಲ. ಸೌದಿ ಸರ್ಕಾರ 2017ರ ಜುಲೈಯಿಂದ ಪ್ರತಿ ಅವಲಂಬಿತರ ಮೇಲೆ ತಿಂಗಳಿಗೆ 100 ರಿಯಾಲ್ ಶುಲ್ಕ ಹಾಕಿ, ವರ್ಷವರ್ಷ ಏರಿಸಿ 400ಕ್ಕೆ ಮುಟ್ಟಿಸಿತು. ಸಣ್ಣ ಸಂಬಳದವರು ಹೆಂಡತಿ ಮಕ್ಕಳನ್ನು ಊರಿಗೆ ಕಳಿಸಿ ಮತ್ತೆ ಕೋಣೆಯ ಬದುಕಿಗೆ ಮರಳಿದರು.

ಕೊನೆಯ ಪ್ರಶ್ನೆ

ಗುಂಡ್ಲುಪೇಟೆಯಿಂದ ಕೋಳಿಕ್ಕೋಡಿಗೆ ಸುಮಾರು 150 ಕಿಲೋಮೀಟರ್. ಕರಿಪ್ಪೂರಿನ ವಿಮಾನ ನಿಲ್ದಾಣ 1988ರಲ್ಲಿ ಆರಂಭವಾಯಿತು. ಈ ಭಾಗದವರಿಗೆ ಬೆಂಗಳೂರಿಗಿಂತ ಅದೇ ಹತ್ತಿರ. ಬಂಡೀಪುರದ ಕಾಡಿನಲ್ಲಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ವಾಹನ ಸಂಚಾರ 2009ರಿಂದ ನಿಷಿದ್ಧ. ಮುಂಜಾನೆಯ ವಿಮಾನ ಹಿಡಿಯುವವನು ಹಿಂದಿನ ಸಂಜೆಯೇ ಕಾಡು ದಾಟಿರಬೇಕು. ಆಂಬುಲೆನ್ಸಿಗೆ ವಿನಾಯಿತಿಯಿದೆ. ಜೀವಂತವಾಗಿ ಹೋಗುವಾಗ ಗಡಿಯಾರ ನೋಡಿ ದಾಟಿದ ಕಾಡನ್ನು ಕೆಲವರು ಮಯ್ಯತ್ತಾಗಿ ಬರುವಾಗ ನಡುರಾತ್ರಿ ದಾಟುತ್ತಾರೆ.

ಈ ಪ್ರಶ್ನೆಗೂ ಕಾನೂನು ಒಂದು ಉತ್ತರ ಕೊಟ್ಟಿದೆ. 2003ರಲ್ಲಿ ಆರಂಭವಾದ ಪ್ರವಾಸಿ ಭಾರತೀಯ ಬಿಮಾ ಯೋಜನೆಯಲ್ಲಿ ಈಗ ಎರಡು ವರ್ಷಕ್ಕೆ 275 ರೂಪಾಯಿ ಕಂತು ಕಟ್ಟಿದವನಿಗೆ, ಅಪಘಾತದಲ್ಲಿ ಸತ್ತರೆ 10 ಲಕ್ಷ ರೂಪಾಯಿಯ ವಿಮೆಯಿದೆ. ರಾಯಭಾರ ಕಚೇರಿಗಳಲ್ಲಿ 2009ರಿಂದ ಭಾರತೀಯ ಸಮುದಾಯ ಕಲ್ಯಾಣ ನಿಧಿಯಿದೆ. ಗತಿಯಿಲ್ಲದವರ ಮಯ್ಯತ್ ಕಳಿಸಲೂ ಅದರಿಂದ ನೆರವಾಗಬಹುದು. ಆದರೆ ಸಂದರ್ಶಕ ವೀಸಾದಲ್ಲಿ ಹೋಗಿ ಅಲ್ಲಿ ಕೆಲಸ ಹುಡುಕು ಎಂದು ಏಜೆಂಟ್ ಹೇಳಿದ ಮಾತು ಕೇಳಿದವನಿಗೆ ವಲಸೆ ಅನುಮತಿಯೂ ಇಲ್ಲ, ಆ ವಿಮೆಯೂ ಇಲ್ಲ.

ಕಾಲ ಸ್ವಲ್ಪ ಬದಲಾಗಿದೆ. ಕತಾರ್ 2020ರಲ್ಲಿ ಕಫೀಲನ ಒಪ್ಪಿಗೆಯಿಲ್ಲದೆ ಕೆಲಸ ಬದಲಿಸಬಹುದೆಂದಿತು. ಸೌದಿ 2021ರ ಮಾರ್ಚಿನಿಂದ ಇದೇ ಬಗೆಯ ಸಡಿಲಿಕೆ ತಂದಿತು, ಮನೆಗೆಲಸದವರನ್ನೂ ಚಾಲಕರನ್ನೂ ಹೊರಗಿಟ್ಟು. ನಮ್ಮಲ್ಲಿ 2014ರಿಂದ ಇ-ಮೈಗ್ರೇಟ್ ವ್ಯವಸ್ಥೆಯಿದೆ. ಏಜೆಂಟ್ ನೋಂದಾಯಿತನೇ ಎಂದು ಅದರಲ್ಲಿ ಯಾರು ಬೇಕಾದರೂ ನೋಡಬಹುದು. ಅವನು ಪಡೆಯಬಹುದಾದ ಸೇವಾ ಶುಲ್ಕಕ್ಕೆ 30,000 ರೂಪಾಯಿ ಮತ್ತು ತೆರಿಗೆಯ ಮಿತಿಯಿದೆ. 1983ರ ಕಾಯ್ದೆಯನ್ನು ಬದಲಿಸುವ ಕರಡುಗಳು 2019ರಲ್ಲಿ, 2021ರಲ್ಲಿ ಹೊರಬಂದವು.

ಉತ್ತರಗಳು ಇವೆ, ಗುಂಡ್ಲುಪೇಟೆಯ ಬಸ್‌ ನಿಲ್ದಾಣದವರೆಗೆ ಅವು ಬಂದಿಲ್ಲ. ಅಲ್ಲಿಗೆ ಮೊದಲು ಬರುವವನು ಈಗಲೂ ಏಜೆಂಟೇ. ಕರಾವಳಿಯವರಿಗೆ ಪರದೇಶದಲ್ಲಿ ಜಮಾಅತ್ ಇದೆ. ನಮ್ಮವರಿಗೆ ಅದು ಇಲ್ಲದಿರುವುದರಿಂದ ಹೊರಡುವ ಊರಿನಲ್ಲೇ ಅದನ್ನು ಕಟ್ಟಬೇಕಾಗಿದೆ. ಮಸೀದಿಯ ಸಮಿತಿ, ಯುವಕರ ಸಂಘ, ಯಾವುದಾದರೂ ಸರಿ, ಒಂದು ದಫ್ತರ ಇಡಲಿ. ಹಿಂದೂ ಹುಡುಗ ಹೋಗಲಿ, ಮುಸ್ಲಿಂ ಹುಡುಗ ಹೋಗಲಿ, ಹೆಸರು ಬರೆಯಲಿ. ಪಾಸ್‌ಪೋರ್ಟ್, ವೀಸಾ, ಕೆಲಸದ ಕರಾರು, ವಿಮೆಯ ಪ್ರತಿ, ಏಜೆಂಟನ ನೋಂದಣಿ ಸಂಖ್ಯೆ, ಮಾಡಿದ ಸಾಲ ಎಷ್ಟು, ಜಮೀನು ಯಾರ ಹೆಸರಿಗೆ ಎಂಬ ವಿವರ ಅದರಲ್ಲಿರಲಿ. ಹೆಂಡತಿಯ ಕೈಯಲ್ಲಿ ಇನ್ನೊಂದು ಪ್ರತಿ ಇರಲಿ. ಇದಕ್ಕೆ ಹೆಚ್ಚು ಹಣ ಬೇಡ. ಒಂದು ದಪ್ಪ ಪುಸ್ತಕ, ಬರೆಯಬಲ್ಲ ಒಬ್ಬ, ಶುಕ್ರವಾರದ ಒಂದು ಗಂಟೆ ಸಾಕು.