ತರಂಗಗುಚ್ಛ ಹಂಚಿಕೆ (ಭಾರತ)

ರೇಡಿಯೊ, ಟಿ.ವಿ., ಮೊಬೈಲ್, ವಿಮಾನ ಸಂಚಾರ, ಪೊಲೀಸರ ವಾಕಿಟಾಕಿ, ಉಪಗ್ರಹ ಎಲ್ಲವೂ ಬಳಸುವ ರೇಡಿಯೊ ಅಲೆಗಳ ಶ್ರೇಣಿಗೆ ಕನ್ನಡದಲ್ಲಿ ತರಂಗಗುಚ್ಛ ಎಂಬ ಹೆಸರು ರೂಢಿಯಾಗಿದೆ. ಬಳಸಿದರೆ ಇದು ಸವೆಯುವುದಿಲ್ಲ, ಬಳಸದೆ ಬಿಟ್ಟರೆ ನಾಳೆಗೆ ಉಳಿಯುವುದೂ ಇಲ್ಲ. ಆದರೆ ಒಂದೇ ಊರಿನಲ್ಲಿ ಒಂದೇ ಕಂಪನಾಂಕದ ಮೇಲೆ ಇಬ್ಬರು ಪ್ರಸಾರಕ್ಕಿಳಿದರೆ ಇಬ್ಬರ ಮಾತೂ ಕೆಡುತ್ತದೆ. ಆದ್ದರಿಂದ ಯಾರಿಗೆ ಯಾವ ಬ್ಯಾಂಡ್, ಎಷ್ಟು ಕಾಲ, ಯಾವ ಶರತ್ತಿನ ಮೇಲೆ ಎಂದು ಒಬ್ಬರು ತೀರ್ಮಾನಿಸಲೇಬೇಕು. ದೇಶಗಳ ನಡುವೆ ಈ ಹೊಂದಾಣಿಕೆ 1906ರ ಬರ್ಲಿನ್ ಸಮ್ಮೇಳನದಿಂದ ಶುರುವಾಯಿತು. ಇಂದು ಅದು ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ ಹೊಣೆ.

ಬ್ರಿಟಿಷ್ ಭಾರತದಲ್ಲಿ 1885ರ ಟೆಲಿಗ್ರಾಫ್ ಕಾಯ್ದೆ ತಂತಿಯ ಮೇಲಿನ ಹಕ್ಕನ್ನು ಸರ್ಕಾರಕ್ಕೆ ಕೊಟ್ಟಿತ್ತು. 1933ರ ನಿಸ್ತಂತು ಕಾಯ್ದೆ ಇನ್ನೂ ಮುಂದೆ ಹೋಗಿ, ಪರವಾನಗಿ ಇಲ್ಲದೆ ಉಪಕರಣ ಇಟ್ಟುಕೊಳ್ಳುವುದನ್ನೇ ಅಪರಾಧವೆಂದಿತು. ಮನೆಯ ರೇಡಿಯೊಗೂ ಅಂಚೆ ಕಚೇರಿಯಲ್ಲಿ ವರ್ಷವರ್ಷ ಲೈಸೆನ್ಸ್ ಹಣ ಕಟ್ಟುತ್ತಿದ್ದುದನ್ನು ಹಿರಿಯರು ಇನ್ನೂ ನೆನೆಯುತ್ತಾರೆ. 1980ರ ದಶಕದವರೆಗೂ ಆ ಪದ್ಧತಿ ನಡೆಯಿತು. 1933ರ ಕಾಯ್ದೆ ಬಂದ ಎರಡು ವರ್ಷಕ್ಕೆ, 1935ರಲ್ಲಿ, ಮೈಸೂರಿನ ಮನಶ್ಶಾಸ್ತ್ರ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿ ತಮ್ಮ ಮನೆಯಲ್ಲೇ ಪುಟ್ಟ ಪ್ರಸಾರ ಕೇಂದ್ರ ತೆರೆದು ಅದನ್ನು 'ಆಕಾಶವಾಣಿ' ಎಂದು ಕರೆದರು. ಸ್ವಾತಂತ್ರ್ಯದ ನಂತರ ಆ ಕೇಂದ್ರವೂ ಆ ಹೆಸರೂ ಕೇಂದ್ರ ಸರ್ಕಾರದ ಬಾನುಲಿಗೆ ಸೇರಿದವು. ಖಾಸಗಿಯವರಿಗೆ ಆಕಾಶದಲ್ಲಿ ಜಾಗವಿಲ್ಲದಾಯಿತು. ಕಂಪನಾಂಕಗಳನ್ನು ಗೊತ್ತುಪಡಿಸಲು 1952ರಲ್ಲಿ ನಿಸ್ತಂತು ಯೋಜನೆ ಮತ್ತು ಸಮನ್ವಯ ವಿಭಾಗ ಹುಟ್ಟಿತು; ಅದರ ಮುಂದೆ ಅರ್ಜಿ ಹಾಕುತ್ತಿದ್ದವರೆಲ್ಲ ಬಹುಮಟ್ಟಿಗೆ ಸರ್ಕಾರದ ಇಲಾಖೆಗಳೇ.

ಈ ಚಿತ್ರ 1995ರಲ್ಲಿ ಬದಲಾಯಿತು. ಕ್ರಿಕೆಟ್ ಪಂದ್ಯಗಳ ಪ್ರಸಾರ ಹಕ್ಕಿನ ವಿಚಾರವಾಗಿ ಬಂಗಾಳದ ಕ್ರಿಕೆಟ್ ಸಂಸ್ಥೆಗೂ ಕೇಂದ್ರಕ್ಕೂ ನಡೆದ ವ್ಯಾಜ್ಯದಲ್ಲಿ ಸುಪ್ರೀಂ ಕೋರ್ಟ್ ಫೆಬ್ರುವರಿ 9ರಂದು ತೀರ್ಪಿತ್ತು, ತರಂಗಗಳು ಸಾರ್ವಜನಿಕ ಸ್ವತ್ತು ಎಂದಿತು. ಸರ್ಕಾರ ಒಡೆಯನಲ್ಲ, ಜನರ ಪರವಾಗಿ ನೋಡಿಕೊಳ್ಳುವ ಧರ್ಮದರ್ಶಿ ಎಂಬ ತಿಳಿವಳಿಕೆಗೆ ಕಾನೂನಿನ ಬಲ ಬಂದದ್ದು ಇಲ್ಲಿಂದ. ಭಾರತದ ತರಂಗ ಚರಿತ್ರೆಯಲ್ಲಿ ಇದಕ್ಕಿಂತ ದೊಡ್ಡ ತೀರ್ಪು ಬಂದಿಲ್ಲ. ಅದೇ ವರ್ಷ ಜುಲೈ 31ರಂದು ಪಶ್ಚಿಮ ಬಂಗಾಳದ ಮುಖ್ಯಮಂತ್ರಿ ಜ್ಯೋತಿ ಬಸು ಮತ್ತು ಕೇಂದ್ರ ಸಂಪರ್ಕ ಸಚಿವ ಸುಖ್ ರಾಮ್ ನಡುವೆ ದೇಶದ ಮೊದಲ ಮೊಬೈಲ್ ಕರೆ ನಡೆಯಿತು. 2001ರ ಜುಲೈನಲ್ಲಿ ದೇಶದ ಮೊದಲ ಖಾಸಗಿ ಎಫ್.ಎಂ. ಕೇಂದ್ರ ಬೆಂಗಳೂರಿನಲ್ಲಿ ಶುರುವಾಯಿತು.

ಆಗ ಮೊಬೈಲ್ ತರಂಗ ಪರವಾನಗಿಯ ಜೊತೆಗೇ ಬರುತ್ತಿತ್ತು. 2008ರ ಜನವರಿಯಲ್ಲಿ ದೂರಸಂಪರ್ಕ ಇಲಾಖೆ 'ಮೊದಲು ಬಂದವರಿಗೆ ಮೊದಲ ಆದ್ಯತೆ' ಎಂಬ ನಿಯಮದ ಹೆಸರಿನಲ್ಲಿ 122 ಪರವಾನಗಿಗಳಿಗೆ ದಾರಿ ಮಾಡಿತು. ಇಡೀ ದೇಶಕ್ಕೆ ಬೆಲೆ 1,658 ಕೋಟಿ ರೂಪಾಯಿ. 2001ರಲ್ಲಿ, ಮೊಬೈಲ್ ಇನ್ನೂ ಸಿರಿವಂತರ ಕೈಯಲ್ಲಿದ್ದಾಗ, ಹರಾಜಿನಲ್ಲಿ ನಿಂತ ದರ ಅದು. ಅರ್ಜಿಯ ಕೊನೆಯ ದಿನವನ್ನೂ ಹಿಂದಕ್ಕೆ ಎಳೆಯಲಾಗಿತ್ತು. 2010ರಲ್ಲಿ ಮಹಾಲೇಖಪಾಲರ ವರದಿ, ನಷ್ಟ 1.76 ಲಕ್ಷ ಕೋಟಿಯವರೆಗೂ ಇರಬಹುದೆಂದು ಅಂದಾಜಿಸಿತು. ಅದೇ ವರ್ಷದ 3ಜಿ ಹರಾಜಿನಲ್ಲಿ ಸುಮಾರು 67,700 ಕೋಟಿ ಬಂದದ್ದು ಆ ಅಂದಾಜಿಗೆ ಇಂಬು ಕೊಟ್ಟಿತು. 2012ರ ಫೆಬ್ರುವರಿ 2ರಂದು ಸುಪ್ರೀಂ ಕೋರ್ಟ್ ಎಲ್ಲ 122 ಪರವಾನಗಿಗಳನ್ನೂ ರದ್ದುಮಾಡಿತು. ಕ್ರಿಮಿನಲ್ ಮೊಕದ್ದಮೆಯ ಆರೋಪಿಗಳನ್ನು 2017ರ ಡಿಸೆಂಬರ್‌ನಲ್ಲಿ ವಿಶೇಷ ನ್ಯಾಯಾಲಯ ಖುಲಾಸೆಗೊಳಿಸಿತು. ಆದರೂ ಹಂಚಿಕೆಯ ರೀತಿ ತಪ್ಪೆಂಬ 2012ರ ನಿರ್ಣಯ ಹಾಗೆಯೇ ನಿಂತಿದೆ.

ಹಗರಣದ ಬಿಸಿ ಆರುವ ಮೊದಲೇ ಸರ್ಕಾರ ಇನ್ನೊಂದು ತುದಿಗೆ ಹೋಯಿತು. 2012ರ ನವೆಂಬರ್ ಹರಾಜಿನಲ್ಲಿ ಮೂಲಬೆಲೆಯನ್ನು ದೇಶವ್ಯಾಪಿ 5 ಮೆಗಾಹರ್ಟ್ಸ್‌ಗೆ 14,000 ಕೋಟಿಗೆ ಏರಿಸಿದರು. ದೆಹಲಿ, ಮುಂಬೈ, ಕರ್ನಾಟಕ ಮತ್ತು ರಾಜಸ್ಥಾನಕ್ಕೆ ಒಬ್ಬರೂ ಕೂಗಲಿಲ್ಲ. ಬಂದ ಒಟ್ಟು ಹಣ ಸುಮಾರು 9,400 ಕೋಟಿ. 700 ಮೆಗಾಹರ್ಟ್ಸ್ ಬ್ಯಾಂಡಿನ ಕತೆ ಇನ್ನೂ ಬೇಸರ ತರುತ್ತದೆ. ಅದರ ಅಲೆ ಗೋಡೆಗಳನ್ನು ದಾಟಿ ದೂರ ಸಾಗುತ್ತದೆ. ಕಡಿಮೆ ಗೋಪುರಗಳಲ್ಲೇ ಹಳ್ಳಿಗಳನ್ನು ಮುಟ್ಟಲು ಹೇಳಿ ಮಾಡಿಸಿದಂತಿದೆ. 2016ರಲ್ಲಿ ಪ್ರತಿ ಮೆಗಾಹರ್ಟ್ಸ್‌ಗೆ 11,485 ಕೋಟಿ ಕೇಳಿದರು, ಕೊಳ್ಳುವವರಿಲ್ಲ. 2021ರಲ್ಲಿ 6,568 ಕೋಟಿಗೆ ಇಳಿಸಿದರು, ಆಗಲೂ ಇಲ್ಲ. 2022ರಲ್ಲಿ 3,927 ಕೋಟಿಗೆ ಬಂದಾಗ ಒಂದೇ ಒಂದು ಕಂಪನಿ ಕೊಂಡಿತು. ಸಾರ್ವಜನಿಕರ ಸ್ವತ್ತೊಂದು ಆರು ವರ್ಷ ಯಾರ ಕೆಲಸಕ್ಕೂ ಬಾರದೆ ಹೋಯಿತು. 2008ರಲ್ಲಿ ಅಗ್ಗಕ್ಕೆ ಕೊಟ್ಟದ್ದು ಎಷ್ಟು ತಪ್ಪೋ, ಈ ಆರು ವರ್ಷ ಬೀಗ ಹಾಕಿಟ್ಟದ್ದೂ ಅಷ್ಟೇ ತಪ್ಪು. ಮೊದಲನೆಯದರ ಬಗ್ಗೆ ಗದ್ದಲವಾಯಿತು, ಎರಡನೆಯದರ ಬಗ್ಗೆ ಆಗಲಿಲ್ಲ.

ಹಣ ಪಡೆಯದೆ ಬಿಟ್ಟ ತರಂಗಗಳ ಲೆಕ್ಕವನ್ನೂ ಇಲ್ಲಿ ಹೇಳಬೇಕು. 2005ರಲ್ಲಿ 2.4 ಗಿಗಾಹರ್ಟ್ಸ್ ಬ್ಯಾಂಡನ್ನು ಪರವಾನಗಿಯಿಂದ ಮುಕ್ತಗೊಳಿಸಿದ್ದರಿಂದಲೇ ಇಂದು ಮನೆ, ಅಂಗಡಿ, ಗ್ರಂಥಾಲಯಗಳಲ್ಲಿ ವೈಫೈ ಯಾರ ಅಪ್ಪಣೆಯನ್ನೂ ಕೇಳದೆ ಓಡುತ್ತಿದೆ. ಸಮುದಾಯ ಬಾನುಲಿ ಅಷ್ಟು ಸುಲಭವಾಗಿ ಸಿಗಲಿಲ್ಲ. ಕೋಲಾರ ಜಿಲ್ಲೆಯ ಬೂದಿಕೋಟೆಯ 'ನಮ್ಮ ಧ್ವನಿ'ಗೆ ಪ್ರಸಾರದ ಅನುಮತಿ ಇರಲಿಲ್ಲ. ಹಳ್ಳಿಯವರು ತಾವೇ ತಯಾರಿಸಿದ ಕಾರ್ಯಕ್ರಮಗಳನ್ನು ಕೇಬಲ್ ತಂತಿಯ ಮೂಲಕ ಮನೆಮನೆಗೆ ತಲುಪಿಸಿದರು. ತರಂಗ ಜನರ ಸ್ವತ್ತೆಂದು ಕೋರ್ಟ್ ಹೇಳಿ ವರ್ಷಗಳಾದ ಮೇಲಿನ ಮಾತಿದು. ಸಮುದಾಯ ಬಾನುಲಿ ಮೊದಲು ಶಿಕ್ಷಣ ಸಂಸ್ಥೆಗಳಿಗೆ ಮಾತ್ರ ದೊರೆತು, ಸ್ವಯಂಸೇವಾ ಸಂಸ್ಥೆಗಳಿಗೆ ಸಿಕ್ಕಿದ್ದು 2006ರಲ್ಲಿ.

1885 ಮತ್ತು 1933ರ ಕಾಯ್ದೆಗಳ ಜಾಗಕ್ಕೆ ಸಂಸತ್ತು 2023ರ ಡಿಸೆಂಬರ್‌ನಲ್ಲಿ ದೂರಸಂಪರ್ಕ ಕಾಯ್ದೆಯನ್ನು ಅಂಗೀಕರಿಸಿತು. ಅದರ ಪ್ರಕಾರ ತರಂಗಕ್ಕೆ ಹರಾಜೇ ನಿಯಮ. ರಕ್ಷಣೆ, ವಿಪತ್ತು ನಿರ್ವಹಣೆ, ಹವಾಮಾನ, ಕೆಲವು ಉಪಗ್ರಹ ಸೇವೆಗಳಂಥ ಕೆಲಸಗಳಿಗೆ ಮಾತ್ರ ಹರಾಜಿಲ್ಲದೆ ಕೊಡಬಹುದು. ಆ ವಿನಾಯಿತಿಗಳ ಪಟ್ಟಿಯಲ್ಲಿ ಸಮುದಾಯ ಬಾನುಲಿಯೂ ಇದೆ.