ಮದುವೆಯೇ ಇಲ್ಲವೆಂದ ಮೇಲೆ ವಿಧವೆ ಎಲ್ಲಿಂದ?

ಗಂಡ ಯುದ್ಧದಲ್ಲಿ ಸತ್ತ. ಹೆಂಡತಿ ಪಿಂಚಣಿಗೆ ಅರ್ಜಿ ಹಾಕಿದಳು. ನೀನು ಅವನ ಹೆಂಡತಿ ಎಂಬುದಕ್ಕೆ ದಾಖಲೆ ಏನಿದೆ ಎಂದು ಕಚೇರಿ ಕೇಳಿತು.

ಸರ್ಕಾರಿ ಕಚೇರಿಗೆ ಅಲೆದು ಗೊತ್ತಿರುವ ಯಾವ ವಿಧವೆಗೂ ಈ ಪ್ರಶ್ನೆ ಹೊಸದಲ್ಲ. ಆದರೆ ಅಮೆರಿಕದ ಅಂತರ್ಯುದ್ಧದಲ್ಲಿ (1861-65) ಮಡಿದ ಕಪ್ಪು ಸೈನಿಕರ ಹೆಂಡತಿಯರ ಪಾಲಿಗೆ ಅದು ಉತ್ತರವೇ ಇಲ್ಲದ ಪ್ರಶ್ನೆಯಾಗಿತ್ತು. ದಾಖಲೆ ಕಳೆದುಹೋಗಿರಲಿಲ್ಲ, ಬೆಂಕಿಗೆ ಆಹುತಿಯಾಗಿರಲಿಲ್ಲ. ಅಂಥದೊಂದು ದಾಖಲೆ ಇರುವುದಕ್ಕೆ ಕಾನೂನೇ ಅವಕಾಶ ಕೊಟ್ಟಿರಲಿಲ್ಲ. ಗುಲಾಮ ಯಾರದೋ ಸ್ವತ್ತು. ಸ್ವತ್ತಿಗೆ ಮದುವೆ ಎಲ್ಲಿಯದು?

ಈ ಒಂದು ತೊಡಕನ್ನು ಬಿಡಿಸಲು ಅಮೆರಿಕದ ಸಂಸತ್ತು ಮತ್ತೆ ಮತ್ತೆ ಕಾನೂನು ಮಾಡಬೇಕಾಯಿತು. ಸಾವಿರಾರು ಹೆಂಗಸರು ತಮ್ಮ ಬದುಕಿನ ಕಥೆಯನ್ನೆಲ್ಲ ಗುಮಾಸ್ತರ ಮುಂದೆ ಹೇಳಿ ಅದರ ಕೆಳಗೆ ಗುರುತು ಹಾಕಬೇಕಾಯಿತು. ತಿಂಗಳಿಗೆ ಎಂಟು ಡಾಲರಿಗಾಗಿ ನಡೆದ ಈ ಹೋರಾಟ ಯುದ್ಧದಷ್ಟು ಪ್ರಸಿದ್ಧವಲ್ಲ. ಆದರೆ ಯುದ್ಧ ನಾಲ್ಕು ವರ್ಷಕ್ಕೆ ಮುಗಿಯಿತು. ಇದು ದಶಕಗಳ ಕಾಲ ನಡೆಯಿತು.

ಒಡೆಯನ ಅಪ್ಪಣೆಯ ಮದುವೆ

ಗುಲಾಮರು ಮದುವೆಯಾಗುತ್ತಿರಲಿಲ್ಲ ಎಂದಲ್ಲ. ಒಡೆಯನ ಅಪ್ಪಣೆ ಪಡೆದು, ನೆಂಟರಿಷ್ಟರ ಎದುರಿನಲ್ಲಿ, ಕೆಲವೆಡೆ ಪಾದ್ರಿಯ ಸಮ್ಮುಖದಲ್ಲಿ, ಇನ್ನು ಕೆಲವೆಡೆ ನೆಲದ ಮೇಲಿಟ್ಟ ಪೊರಕೆಯನ್ನು ಜೋಡಿಯಾಗಿ ದಾಟುವ ಮೂಲಕ ಅವರು ಗಂಡ ಹೆಂಡಿರಾಗುತ್ತಿದ್ದರು. ಗಂಡ ಒಬ್ಬ ಒಡೆಯನ ತೋಟದಲ್ಲಿ, ಹೆಂಡತಿ ಮತ್ತೊಬ್ಬ ಒಡೆಯನ ತೋಟದಲ್ಲಿ ಇರುವುದೂ ಸಾಮಾನ್ಯವಾಗಿತ್ತು. ವಾರಕ್ಕೊಮ್ಮೆ ಚೀಟಿ ಪಡೆದು ಗಂಡ ಬಂದು ಹೋಗುತ್ತಿದ್ದ. ಒಡೆಯ ಸಾಲಗಾರನಾದರೆ, ಸತ್ತರೆ, ಅಥವಾ ಅವನಿಗೆ ಹಾಗೆ ಅನ್ನಿಸಿದರೆ ಸಾಕು, ಇಬ್ಬರಲ್ಲೊಬ್ಬರು ದೂರದ ರಾಜ್ಯಕ್ಕೆ ಮಾರಾಟವಾಗುತ್ತಿದ್ದರು. ಅಲ್ಲಿಗೆ ಸಂಸಾರ ಮುಗಿಯಿತು. ಅದನ್ನು ತಡೆಯುವ ಕಾನೂನು ದಕ್ಷಿಣದ ಗುಲಾಮಿ ರಾಜ್ಯಗಳಲ್ಲಿ ಇರಲಿಲ್ಲ.

1863ರ ಜನವರಿ 1ರಂದು ಅಧ್ಯಕ್ಷ ಅಬ್ರಹಾಂ ಲಿಂಕನ್ ಹೊರಡಿಸಿದ ವಿಮೋಚನಾ ಘೋಷಣೆಯ ನಂತರ ಕಪ್ಪು ಜನರನ್ನು ಸೈನ್ಯಕ್ಕೆ ಸೇರಿಸಿಕೊಳ್ಳುವ ಕೆಲಸ ದೊಡ್ಡ ಪ್ರಮಾಣದಲ್ಲಿ ಆರಂಭವಾಯಿತು. ಯುದ್ಧ ಮುಗಿಯುವ ವೇಳೆಗೆ ಸುಮಾರು 1 ಲಕ್ಷ 79 ಸಾವಿರ ಕಪ್ಪು ಸೈನಿಕರು ಉತ್ತರದ ಪರವಾಗಿ ಸೇವೆ ಸಲ್ಲಿಸಿದ್ದರು. ಅವರಲ್ಲಿ ಹೆಚ್ಚಿನವರು ಗುಲಾಮಗಿರಿಯಿಂದ ಬಂದವರೇ. ಸುಮಾರು 40 ಸಾವಿರ ಮಂದಿ ಸತ್ತರು; ಅವರ ಪೈಕಿ ಮುಕ್ಕಾಲು ಪಾಲು ಜನರನ್ನು ಕೊಂದದ್ದು ಗುಂಡಲ್ಲ, ಕಾಯಿಲೆ.

ಬದುಕಿದ್ದಾಗಲೂ ಇವರಿಗೆ ಸಮಾನ ಸಂಬಳ ಇರಲಿಲ್ಲ. ಬಿಳಿಯ ಸಿಪಾಯಿಗೆ ತಿಂಗಳಿಗೆ 13 ಡಾಲರ್; ಕಪ್ಪು ಸಿಪಾಯಿಗೆ 10 ಡಾಲರ್, ಅದರಲ್ಲೂ ಬಟ್ಟೆಗೆಂದು 3 ಡಾಲರ್ ಕಡಿತ. 1864ರ ಜೂನ್‌ನಲ್ಲಿ ಸಂಸತ್ತು ಈ ತಾರತಮ್ಯವನ್ನು ತೆಗೆದುಹಾಕಿತು. ಆದರೆ ಸತ್ತವನ ಸಂಸಾರದ ಗತಿ?

ಪಿಂಚಣಿಯ ಕಾನೂನೇನೋ ಇತ್ತು. 1862ರ ಜುಲೈ 14ರ ಆ ಶಾಸನದ ಪ್ರಕಾರ ಸಾಮಾನ್ಯ ಸಿಪಾಯಿಯ ವಿಧವೆಗೆ ತಿಂಗಳಿಗೆ 8 ಡಾಲರ್. ಅದರಲ್ಲಿ ಬಣ್ಣದ ಮಾತೇ ಇರಲಿಲ್ಲ. ಆದರೆ ವಿಧವೆ ಎನ್ನಿಸಿಕೊಳ್ಳಬೇಕಾದರೆ ಕಾನೂನು ಒಪ್ಪುವ ಮದುವೆ ಆಗಿರಬೇಕಿತ್ತು. ಬಾಗಿಲು ತೆರೆದಿತ್ತು, ಹೊಸಿಲು ಮಾತ್ರ ದಾಟುವಂತಿರಲಿಲ್ಲ.

ಲಿಂಕನ್ ಬರೆದ ಪತ್ರ

1864ರ ಏಪ್ರಿಲ್ 12ರಂದು ಟೆನೆಸ್ಸಿಯ ಫೋರ್ಟ್ ಪಿಲ್ಲೊ ಎಂಬ ಕೋಟೆಯ ಮೇಲೆ ದಕ್ಷಿಣದ ಸೇನೆ ದಾಳಿ ಮಾಡಿತು. ಕೋಟೆಯಲ್ಲಿದ್ದ ಸುಮಾರು 600 ಸೈನಿಕರಲ್ಲಿ ಅರ್ಧದಷ್ಟು ಮಂದಿ ಕಪ್ಪು ಜನರು. ಶರಣಾಗಲು ಕೈಯೆತ್ತಿದವರನ್ನೂ ಕೊಂದ ಈ ಘಟನೆ ಉತ್ತರದಲ್ಲಿ ದೊಡ್ಡ ಆಕ್ರೋಶ ಎಬ್ಬಿಸಿತು. ಕೋಟೆಯ ನಾಯಕತ್ವ ವಹಿಸಿದ್ದ ಮೇಜರ್ ಲಯನಲ್ ಬೂತ್ ಎಂಬ ಬಿಳಿಯ ಅಧಿಕಾರಿಯೂ ಅಂದು ಸತ್ತ.

ಆತನ ಪತ್ನಿ ಮೇರಿ ಬೂತ್ ಮುಂದಿನ ತಿಂಗಳು ವಾಷಿಂಗ್ಟನ್ನಿಗೆ ಹೋಗಿ ಲಿಂಕನ್ನರನ್ನು ಕಂಡರು. ಮೇಜರನ ವಿಧವೆಯಾಗಿ ಪಿಂಚಣಿ ಪಡೆಯಲು ಆಕೆಗೆ ಕಾನೂನಿನ ಅಡ್ಡಿಯೇನೂ ಇರಲಿಲ್ಲ. ಆಕೆ ಪ್ರಸ್ತಾಪಿಸಿದ್ದು ಗಂಡನ ಜೊತೆ ಸತ್ತ ಕಪ್ಪು ಸೈನಿಕರ ಹೆಂಡತಿ ಮಕ್ಕಳ ವಿಷಯ. 1864ರ ಮೇ 19ರಂದು ಲಿಂಕನ್ ಸೆನೆಟರ್ ಚಾರ್ಲ್ಸ್ ಸಮ್ನರ್‌ಗೆ ಒಂದು ಪುಟ್ಟ ಪತ್ರ ಬರೆದು ಆಕೆಯ ಕೈಯಲ್ಲೇ ಕಳುಹಿಸಿದರು. ಸತ್ತ ಕಪ್ಪು ಸೈನಿಕರ ನಿಜವಾದ ಹೆಂಡತಿ ಮಕ್ಕಳಿಗೆ, ಅವರ ಮದುವೆ ಕಾನೂನುಬದ್ಧವಾಗಿತ್ತೋ ಎಂಬಂತೆ, ಸವಲತ್ತು ಸಿಗಬೇಕು ಎಂಬ ಈ ಮಾತು ಪರಿಶೀಲನೆಗೆ ಅರ್ಹ ಎಂಬುದು ಅದರ ಸಾರಾಂಶ.

ಎರಡು ತಿಂಗಳೊಳಗೆ, ಅಂದರೆ ಜುಲೈ 4ರಂದು, ತಿದ್ದುಪಡಿ ಬಂತು. ಸೈನ್ಯಕ್ಕೆ ಸೇರುವ ಮೊದಲು ಕನಿಷ್ಠ ಎರಡು ವರ್ಷ ಗಂಡ ಹೆಂಡಿರೆಂದು ಒಟ್ಟಿಗೆ ಬಾಳಿದ್ದರೆ, ಅದನ್ನು ನಂಬಿಕಸ್ಥ ಸಾಕ್ಷಿಗಳು ಪ್ರಮಾಣ ಮಾಡಿ ಹೇಳಿದರೆ, ಅದೇ ಮದುವೆಗೆ ಪುರಾವೆ. ಆದರೆ ಒಂದು ಷರತ್ತು ಉಳಿಯಿತು: ಅರ್ಜಿದಾರಳು ಸ್ವತಂತ್ರಳಾಗಿರಬೇಕು! ವಿಮೋಚನಾ ಘೋಷಣೆ ಅನ್ವಯಿಸದ ಕೆಂಟಕಿಯಂಥ ರಾಜ್ಯಗಳಲ್ಲಿ ಗಂಡ ಸೈನ್ಯಕ್ಕೆ ಸೇರಿ ಸ್ವತಂತ್ರನಾದರೂ ಹೆಂಡತಿ ಮಕ್ಕಳು ಗುಲಾಮರಾಗಿಯೇ ಇದ್ದರು.

ಅದರ ಪರಿಣಾಮ ಎಷ್ಟು ಘೋರವಾಗಿತ್ತೆಂಬುದು ಅದೇ ನವೆಂಬರ್‌ನಲ್ಲಿ ಕೆಂಟಕಿಯ ಕ್ಯಾಂಪ್ ನೆಲ್ಸನ್‌ನಲ್ಲಿ ಗೊತ್ತಾಯಿತು. ಸೈನಿಕರ ಬೆನ್ನಿಗೇ ಓಡಿಬಂದು ಶಿಬಿರದಲ್ಲಿ ನೆಲೆಸಿದ್ದ ಸುಮಾರು 400 ಹೆಂಗಸರು ಮಕ್ಕಳನ್ನು ಕೊರೆಯುವ ಚಳಿಯಲ್ಲಿ ಹೊರಗಟ್ಟಿ ಗುಡಿಸಲುಗಳನ್ನು ನಾಶ ಮಾಡಲಾಯಿತು. ಅವರಲ್ಲಿ 102 ಮಂದಿ ಸತ್ತರು. ಜೋಸೆಫ್ ಮಿಲ್ಲರ್ ಎಂಬ ಸಿಪಾಯಿಯ ಕಾಯಿಲೆಯ ಮಗ ಚಳಿಗೆ ಸಿಕ್ಕಿ ಮೊದಲು ಸತ್ತ. ಮಿಲ್ಲರ್ ಆ ಸಂಗತಿಯನ್ನು ಪ್ರಮಾಣ ಮಾಡಿ ಬರೆಸಿದ. ಕೆಲವೇ ವಾರಗಳಲ್ಲಿ ಅವನ ಹೆಂಡತಿ, ಉಳಿದ ಮಕ್ಕಳು, ಕೊನೆಗೆ ಅವನೂ ತೀರಿಕೊಂಡರು. ಅವನ ಹೆಸರಿನಲ್ಲಿ ಪಿಂಚಣಿ ಕೇಳಲು ಒಬ್ಬರೂ ಉಳಿಯಲಿಲ್ಲ.

ಈ ಸುದ್ದಿ ಉತ್ತರದ ಪತ್ರಿಕೆಗಳನ್ನು ಮುಟ್ಟಿತು. 1865ರ ಮಾರ್ಚ್ 3ರಂದು ಸಂಸತ್ತು ಕಪ್ಪು ಸೈನಿಕರ ಹೆಂಡತಿ ಮಕ್ಕಳನ್ನು ಸ್ವತಂತ್ರರೆಂದು ಸಾರಿತು. 1866ರ ಜೂನ್ 6ರ ಶಾಸನ ಎರಡು ವರ್ಷದ ಷರತ್ತನ್ನೂ ಕಿತ್ತುಹಾಕಿತು. ಗಂಡ ಹೆಂಡಿರೆಂದು ಪರಸ್ಪರ ಒಪ್ಪಿ ಬಾಳಿದ್ದರೆ ಸಾಕು ಎಂದಾಯಿತು.

ಸಾಕ್ಷಿಗಳ ಹುಡುಕಾಟ

ಕಾನೂನಿನಲ್ಲಿ ತೊಡಕು ಬಿಡಿಸಿದ್ದಾಯಿತು. ಕಚೇರಿಯಲ್ಲಿ?

ಬಾಳಿದ್ದೇವೆ ಎಂದು ಹೇಳುವುದು ಸುಲಭ, ತೋರಿಸುವುದು ಕಷ್ಟ. ಮದುವೆ ನೋಡಿದವರು ಬೇರೆ ರಾಜ್ಯಕ್ಕೆ ಮಾರಾಟವಾಗಿರುತ್ತಿದ್ದರು. ಹೆರಿಗೆ ಮಾಡಿಸಿದ ಸೂಲಗಿತ್ತಿ ಸತ್ತಿರುತ್ತಿದ್ದಳು. ಗುಲಾಮರಿಗೆ ಅಕ್ಷರ ಕಲಿಸುವುದೇ ದಕ್ಷಿಣದ ಹಲವು ರಾಜ್ಯಗಳಲ್ಲಿ ಅಪರಾಧವಾಗಿದ್ದುದರಿಂದ ಕಾಗದ ಪತ್ರ ಇಟ್ಟುಕೊಂಡವರು ವಿರಳ. ಹುಟ್ಟಿದ ದಿನ ಕೇಳಿದರೆ 'ನಕ್ಷತ್ರ ಉದುರಿದ ವರ್ಷ' ಎಂದು ಉತ್ತರ ಕೊಡುವವರಿದ್ದರು. 1833ರ ನವೆಂಬರ್‌ನಲ್ಲಿ ಆಕಾಶವೇ ಬಿದ್ದಂತೆ ಸುರಿದ ಉಲ್ಕೆಗಳ ನೆನಪು ಅವರ ಪಂಚಾಂಗವಾಗಿತ್ತು. ಗುಮಾಸ್ತನ ನಮೂನೆಯಲ್ಲಿ ಅದಕ್ಕೆ ಜಾಗವಿರಲಿಲ್ಲ.

ಎಲ್ಲಕ್ಕಿಂತ ವಿಪರ್ಯಾಸದ ಸಂಗತಿಯೆಂದರೆ, ಎಷ್ಟೋ ಸಲ ಹಳೆಯ ಒಡೆಯನ ಮನೆಗೇ ಹೋಗಿ ಸಾಕ್ಷಿ ಕೇಳಬೇಕಾಗುತ್ತಿತ್ತು. ಯಾವ ಗುಲಾಮ ಯಾವಾಗ ಹುಟ್ಟಿದ, ಯಾರ ಜೊತೆಗಿದ್ದ ಎಂಬ ಲೆಕ್ಕ ಒಡೆಯನ ಪುಸ್ತಕದಲ್ಲಿ ದನಕರುಗಳ ಲೆಕ್ಕದ ಪಕ್ಕದಲ್ಲಿ ಇರುತ್ತಿತ್ತು. ತನ್ನನ್ನು ಕೊಂಡವನ, ಮಾರಿದವನ ಮಾತು ಆಕೆಯ ಸ್ವಂತ ಮಾತಿಗಿಂತ ಹೆಚ್ಚು ತೂಕದ್ದೆನಿಸುತ್ತಿತ್ತು.

ಹೆಸರಿನ ಗೊಂದಲ ಬೇರೆ. ಸೈನ್ಯದ ಅಧಿಕಾರಿ ಒಡೆಯನ ಮನೆತನದ ಹೆಸರನ್ನೇ ಸಿಪಾಯಿಗೆ ಅಂಟಿಸಿ ಬರೆದುಕೊಳ್ಳುತ್ತಿದ್ದ. ಯುದ್ಧ ಮುಗಿದ ಮೇಲೆ ಸಿಪಾಯಿ ಆ ಹೆಸರನ್ನು ಕಳಚಿ ತನ್ನ ತಂದೆಯ ಹೆಸರನ್ನು ಇಟ್ಟುಕೊಳ್ಳುತ್ತಿದ್ದ. ಅದು ಅವನ ಸ್ವಾತಂತ್ರ್ಯದ ಮೊದಲ ಗುರುತು. ಅದೇ ಮುಂದೆ ಹೆಂಡತಿಯ ಕೊರಳಿಗೆ ಉರುಳು. ಸೇನೆಯ ಪಟ್ಟಿಯಲ್ಲಿರುವವನೂ ಸತ್ತವನೂ ಒಬ್ಬನೇ ಎಂದು ಆಕೆ ಸಾಧಿಸಬೇಕಿತ್ತು.

ಇದರ ನಡುವೆ ಏಜೆಂಟರ ಹಾವಳಿ. ಅರ್ಜಿಯೊಂದಕ್ಕೆ ಹೆಚ್ಚೆಂದರೆ 10 ಡಾಲರ್ ಶುಲ್ಕ ಎಂದು 1864ರ ಕಾನೂನು ಮಿತಿ ಹಾಕಿತ್ತು. ಓದು ಬಾರದವರಿಂದ ಅದಕ್ಕಿಂತ ಹೆಚ್ಚು ಕಿತ್ತವರು, ಬಂದ ಹಣವನ್ನೇ ನುಂಗಿದವರು ಕಡಿಮೆಯಿರಲಿಲ್ಲ. ಪ್ರಮಾಣಪತ್ರಕ್ಕೆ, ಸಾಕ್ಷಿಗಳ ಪ್ರಯಾಣಕ್ಕೆ ಖರ್ಚು ಬೇರೆ. ಇಲಾಖೆಗೆ ಅನುಮಾನ ಬಂದರೆ ವಿಶೇಷ ತನಿಖಾಧಿಕಾರಿ ಊರಿಗೇ ಬಂದು ನೆರೆಹೊರೆಯವರನ್ನು ಕೂರಿಸಿ ಹೇಳಿಕೆ ಬರೆದುಕೊಳ್ಳುತ್ತಿದ್ದ.

ಟಬ್ಮನ್ ಪಟ್ಟ ಪಾಡು

ಹೆಸರಾಂತರಿಗೂ ಈ ಅಲೆದಾಟ ತಪ್ಪಲಿಲ್ಲ. ಮೇರಿಲ್ಯಾಂಡಿನ ಗುಲಾಮಗಿರಿಯಿಂದ 1849ರಲ್ಲಿ ತಪ್ಪಿಸಿಕೊಂಡು, ಮತ್ತೆ ಮತ್ತೆ ಅಲ್ಲಿಗೇ ನುಸುಳಿ ಸುಮಾರು 70 ಜನರನ್ನು ಬಿಡಿಸಿ ತಂದ ಹ್ಯಾರಿಯೆಟ್ ಟಬ್ಮನ್ ಅಮೆರಿಕದ ಚರಿತ್ರೆಯ ದೊಡ್ಡ ಹೆಸರು. ಯುದ್ಧದಲ್ಲಿ ಆಕೆ ದಾದಿಯಾಗಿ, ಬೇಹುಗಾರ್ತಿಯಾಗಿ ದುಡಿದರು. 1863ರ ಜೂನ್‌ನಲ್ಲಿ ದಕ್ಷಿಣ ಕೆರೊಲಿನಾದ ಕಂಬಾಹೀ ನದಿಯ ದಾಳಿಗೆ ದಾರಿ ತೋರಿದ ಆಕೆಯಿಂದಾಗಿ 700ಕ್ಕೂ ಹೆಚ್ಚು ಗುಲಾಮರು ಬಿಡುಗಡೆಯಾದರು.

1869ರಲ್ಲಿ ನ್ಯೂಯಾರ್ಕ್ ರಾಜ್ಯದ ಆಬರ್ನ್ ಪಟ್ಟಣದಲ್ಲಿ ಆಕೆ ನೆಲ್ಸನ್ ಡೇವಿಸ್ ಎಂಬ ಮಾಜಿ ಸೈನಿಕನನ್ನು ಮದುವೆಯಾದರು. ಆತ 1888ರಲ್ಲಿ ತೀರಿಕೊಂಡ. 1890ರ ಜೂನ್ 27ರಂದು ಹೊಸ ಶಾಸನ ಬಂತು. ಗಂಡ ಯುದ್ಧದ ಕಾರಣದಿಂದಲೇ ಸತ್ತಿರಬೇಕೆಂಬ ನಿಯಮವನ್ನು ಅದು ಸಡಿಲಿಸಿ, ಸ್ವಂತ ದುಡಿಮೆಯ ಹೊರತು ಬೇರೆ ಆಧಾರವಿಲ್ಲದ ಸೈನಿಕ ವಿಧವೆಯರಿಗೆಲ್ಲ 8 ಡಾಲರ್ ಗೊತ್ತುಮಾಡಿತು. ಮರುತಿಂಗಳೇ ಟಬ್ಮನ್ ಅರ್ಜಿ ಹಾಕಿದರು.

ಶುರುವಾಯಿತು ತಕರಾರು. ಸೇನೆಯ ಪಟ್ಟಿಯಲ್ಲಿ ನೆಲ್ಸನ್ ಡೇವಿಸ್ ಇಲ್ಲ. ನೆಲ್ಸನ್ ಚಾರ್ಲ್ಸ್ ಇದ್ದಾನೆ. ಚಾರ್ಲ್ಸ್ ಎಂಬುದು ಒಡೆಯನ ಹೆಸರು, ಡೇವಿಸ್ ತಂದೆಯ ಹೆಸರು ಎಂದು ಜೊತೆಗಾರ ಸೈನಿಕರಿಂದ ಹೇಳಿಸಬೇಕಾಯಿತು. ಆಮೇಲೆ ಮೊದಲ ಗಂಡ ಜಾನ್ ಟಬ್ಮನ್‌ನ ಪ್ರಶ್ನೆ. ಆತ ಬೇರೆ ಹೆಂಗಸಿನೊಡನೆ ಸಂಸಾರ ಹೂಡಿ 1867ರಲ್ಲೇ ಕೊಲೆಯಾಗಿದ್ದ. ಅದಕ್ಕೂ ಪುರಾವೆ ಬೇಕಾಯಿತು. ಗುಲಾಮರ ಮದುವೆ ಮದುವೆಯೇ ಅಲ್ಲ ಎಂದಿದ್ದ ವ್ಯವಸ್ಥೆ, ಅದೇ ಮದುವೆ ಮುರಿದದ್ದಕ್ಕೆ ದಾಖಲೆ ಕೇಳಿತು!

ಐದು ವರ್ಷದ ಓಡಾಟದ ನಂತರ, 1895ರಲ್ಲಿ, 8 ಡಾಲರ್ ಮಂಜೂರಾಯಿತು. ಆಕೆಯ ಸ್ವಂತ ಯುದ್ಧಸೇವೆಗೆ ಅದುವರೆಗೆ ಪಿಂಚಣಿ ಇರಲಿಲ್ಲ. 1899ರಲ್ಲಿ ಸಂಸತ್ತು ವಿಶೇಷ ಶಾಸನ ಮಾಡಿ ದಾದಿಯ ಸೇವೆ ಪರಿಗಣಿಸಿ ಒಟ್ಟು 20 ಡಾಲರ್ ಮಾಡಿತು. 1913ರಲ್ಲಿ ತೀರಿಕೊಳ್ಳುವ ತನಕ ಆಕೆಗೆ ದೊರೆತದ್ದು ಅಷ್ಟೇ.

ಒಳಮನೆಗೆ ಇಣುಕಿದ ಕಾನೂನು

ಮರುಮದುವೆಯಾದರೆ ವಿಧವೆಯ ಪಿಂಚಣಿ ನಿಲ್ಲುತ್ತಿತ್ತು. 1882ರ ಆಗಸ್ಟ್ 7ರ ಶಾಸನ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಮದುವೆಯಿಲ್ಲದೆ ಬಹಿರಂಗವಾಗಿ ಪರಪುರುಷನೊಡನೆ ಬಾಳುವ ವಿಧವೆಯ ಪಿಂಚಣಿಯನ್ನೂ ಕಿತ್ತುಕೊಳ್ಳಲು ಅವಕಾಶ ಕೊಟ್ಟಿತು. ಇದು ಬಿಳಿಯ ವಿಧವೆಯರಿಗೂ ಅನ್ವಯಿಸುವ ಕಾನೂನೇ. ಆದರೆ ಹೆಚ್ಚು ಪೆಟ್ಟು ತಿಂದವರು ಕಪ್ಪು ಹೆಂಗಸರು. ಒಟ್ಟಿಗೆ ಬಾಳಿದ್ದೇ ಮದುವೆ ಎಂದು ಹೇಳಿ ಇವರಿಗೆ ಪಿಂಚಣಿ ಕೊಡಲಾಗಿತ್ತು. ಈಗ ಒಬ್ಬ ಗಂಡಸಿನ ಜೊತೆ ಒಂದೇ ಸೂರಿನಡಿ ಇದ್ದರೆ ಅದು ಮದುವೆಯೋ, ವ್ಯಭಿಚಾರವೋ? ಯಾವುದಾದರೂ ಸರಿ, ಪಿಂಚಣಿ ಹೋಯಿತು. ಒಕ್ಕಲಿಗೆ ಬಂದವನೊಬ್ಬ ಮನೆಯಲ್ಲಿದ್ದರೂ ನೆರೆಯವರ ಮಾತಿನ ಮೇಲೆ ತನಿಖೆ ನಡೆಯುವ ಸಂಭವವಿತ್ತು.

ಗುಲಾಮಗಿರಿಯ ಕಾಲದಲ್ಲಿ ಮಾರಾಟವಾಗಿ ಅಗಲಿದ ಗಂಡ ಹೊಸ ಊರಿನಲ್ಲಿ ಮತ್ತೊಂದು ಸಂಸಾರ ಕಟ್ಟಿಕೊಂಡ ಪ್ರಸಂಗಗಳೂ ಇದ್ದವು. ಆತ ಸತ್ತ ಮೇಲೆ ಇಬ್ಬರು ಹೆಂಗಸರು ಅರ್ಜಿ ಹಿಡಿದು ಬಂದರೆ ಇಬ್ಬರೂ ಸುಳ್ಳು ಹೇಳುತ್ತಿರಲಿಲ್ಲ. ಸುಳ್ಳಾಗಿದ್ದದ್ದು ಆ ಹರಾಜುಕಟ್ಟೆ. ಆದರೆ ಕಚೇರಿ ಒಬ್ಬಳನ್ನು ಮಾತ್ರ ವಿಧವೆ ಎನ್ನಬೇಕಿತ್ತು.

ಇತಿಹಾಸಕಾರ ಡೊನಾಲ್ಡ್ ಶಾಫರ್ ಆಯ್ದ ಕಡತಗಳನ್ನು ಹೋಲಿಸಿ ನೋಡಿದಾಗ ಕಂಡದ್ದಿದು: ಅರ್ಜಿ ಹಾಕಿದ ಬಿಳಿಯ ವಿಧವೆಯರಲ್ಲಿ ನೂರಕ್ಕೆ ಸುಮಾರು 84 ಮಂದಿಗೆ ಪಿಂಚಣಿ ಸಿಕ್ಕಿತ್ತು; ಕಪ್ಪು ವಿಧವೆಯರಲ್ಲಿ ಸುಮಾರು 61 ಮಂದಿಗೆ. ಕಾನೂನಿನ ಅಕ್ಷರದಲ್ಲಿ ಬಣ್ಣದ ಭೇದವಿರಲಿಲ್ಲ. ಇದ್ದದ್ದು ಕಾಗದ ಇದ್ದವರ ಮತ್ತು ಇಲ್ಲದವರ ಭೇದ. ಕಾಗದ ಇಲ್ಲದಂತೆ ಮಾಡಿದ್ದು ಬಣ್ಣ. ಅದರ ಮೇಲೆ ಕಪ್ಪು ಸಾಕ್ಷಿಯ ಮಾತನ್ನು ಅನುಮಾನದಿಂದಲೇ ನೋಡುವ ಅಧಿಕಾರಿಗಳಿದ್ದರು. ಆದರೂ ಅದನ್ನು ಮಗ್ಗುಲು ಬದಲಿಸಿ ನೋಡಬಹುದು. ಗುಲಾಮರಾಗಿ ಹುಟ್ಟಿ, ಓದು ಬರಹ ಬಾರದ, ಒಂದು ಚೂರು ದಾಖಲೆ ಇಲ್ಲದ ಹೆಂಗಸರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಸರ್ಕಾರವನ್ನು ಒಪ್ಪಿಸಿ ತಮ್ಮ ಹಕ್ಕನ್ನು ಪಡೆದರು ಎಂಬುದೂ ಸಣ್ಣ ಮಾತಲ್ಲ.

ಕಡತದಲ್ಲಿ ಉಳಿದ ಬದುಕು

ಅಂತರ್ಯುದ್ಧದ ಕೊನೆಯ ಪಿಂಚಣಿ ನಿಂತದ್ದು 2020ರಲ್ಲಿ, ಒಬ್ಬ ಸೈನಿಕನ ಮಗಳು ತೀರಿಕೊಂಡಾಗ. ಕಡತಗಳು ಮಾತ್ರ ವಾಷಿಂಗ್ಟನ್ನಿನ ರಾಷ್ಟ್ರೀಯ ಪತ್ರಾಗಾರದಲ್ಲಿ ಉಳಿದಿವೆ. 1850 ಮತ್ತು 1860ರ ಜನಗಣತಿಯಲ್ಲಿ ಗುಲಾಮರಿಗೆ ಹೆಸರೇ ಇಲ್ಲ. ಒಡೆಯನ ಹೆಸರಿನ ಕೆಳಗೆ ವಯಸ್ಸು, ಲಿಂಗ, ಬಣ್ಣ ಅಷ್ಟೇ. ಹೀಗಾಗಿ ತಮ್ಮ ಮುತ್ತಜ್ಜ ಮುತ್ತಜ್ಜಿಯರನ್ನು ಹುಡುಕುವವರು ಬಂದು ನಿಲ್ಲುವುದು ಈ ಪಿಂಚಣಿ ಕಡತಗಳ ಎದುರು. ಯಾರು ಯಾರನ್ನು ಎಲ್ಲಿ ಮದುವೆಯಾದರು, ಎಷ್ಟು ಮಕ್ಕಳು, ಯಾರು ಮಾರಾಟವಾದರು, ಯಾವ ಸೂಲಗಿತ್ತಿ ಬಂದಿದ್ದಳು ಎಂಬುದೆಲ್ಲ ಅಲ್ಲಿದೆ. ಸಾಕ್ಷಿ ಹೇಳು ಎಂದು ಪೀಡಿಸಿದ ಕಚೇರಿಯೇ, ತನಗೆ ಅರಿವಿಲ್ಲದೆ, ಅವರ ಬದುಕನ್ನು ಬರೆದಿಟ್ಟಿತು.

ವಾಷಿಂಗ್ಟನ್ನಿನಲ್ಲಿ 1998ರಲ್ಲಿ ಅನಾವರಣಗೊಂಡ ಸ್ಮಾರಕದ ಗೋಡೆಗಳ ಮೇಲೆ ಕಪ್ಪು ದಳಗಳ ಎರಡು ಲಕ್ಷಕ್ಕೂ ಹೆಚ್ಚು ಹೆಸರುಗಳನ್ನು ಕೆತ್ತಲಾಗಿದೆ. ಅವರ ಹೆಂಡತಿಯರ ಹೆಸರು ಆ ಗೋಡೆಯ ಮೇಲಿಲ್ಲ. ಅವು ಇರುವುದು ಹಳದಿಗಟ್ಟಿದ ಹಾಳೆಗಳಲ್ಲಿ, ಗುಮಾಸ್ತನ ಕೈಬರಹದ ಕೆಳಗೆ. ಪ್ರತಿ ಹೆಸರಿನ ನಡುವೆ ಒಂದು ಅಡ್ಡಾದಿಡ್ಡಿ ಕತ್ತರಿ ಗುರುತು. ಇವನು ನನ್ನ ಗಂಡ ಎಂದು ಆಕೆ ಹೇಳಿದ್ದಕ್ಕೆ ಅದೇ ಸಹಿ.