ಕಣದ ಆಯ ಮತ್ತು ಕರಾರಿಲ್ಲದ ಒಡಂಬಡಿಕೆ

ಇಂದು ಮಹಾರಾಷ್ಟ್ರದ ಲಾತೂರು ಜಿಲ್ಲೆಗೆ ಸೇರಿರುವ ಉದಗೀರ ಮತ್ತು ನಿಲಂಗಾ ತಾಲೂಕುಗಳು 1956ರವರೆಗೆ ಬೀದರ ಜಿಲ್ಲೆಯ ಭಾಗವಾಗಿದ್ದವು; ಅವುಗಳ ನೆರೆಯ ಉಮರ್ಗಾ ಉಸ್ಮಾನಾಬಾದ್, ಅಂದರೆ ಈಗಿನ ಧಾರಾಶಿವ ಜಿಲ್ಲೆಯಲ್ಲಿತ್ತು. ಕನ್ನಡ, ಮರಾಠಿ, ದಖನಿ ಉರ್ದು ಮೂರೂ ಒಂದೇ ಸಂತೆಯಲ್ಲಿ ಕೇಳಿಬರುವ ಈ ಗಡಿಸೀಮೆಯ ಕ್ರೈಸ್ತ ಧರ್ಮದ ಇತಿಹಾಸವನ್ನು ಅರಿಯಬೇಕಾದರೆ, ಅಲ್ಲಿನ ಜನ ಅದಕ್ಕೆ ಮೊದಲು ಎಂಥ ಕರಾರುಗಳ ನಡುವೆ ಬಾಳಿದ್ದರು ಎಂಬುದನ್ನು ನೋಡಬೇಕಾಗುತ್ತದೆ.

ಅರಸರ ಕರಾರುಗಳಿಗೆ ಇಲ್ಲಿ ಬಾಳಿಕೆ ಇರಲಿಲ್ಲ. 1760ರಲ್ಲಿ ಉದಗೀರದ ಬಳಿ ಸದಾಶಿವರಾವ್ ಭಾವೂನ ಮರಾಠಾ ಸೈನ್ಯಕ್ಕೆ ಸೋತ ನಿಜಾಮನ ಪಕ್ಷವು ದೌಲತಾಬಾದ್, ವಿಜಾಪುರ ಮೊದಲಾದ ಕೋಟೆಗಳನ್ನು ಬಿಟ್ಟುಕೊಟ್ಟಿತಾದರೂ, ಮರುವರ್ಷ ಪಾಣಿಪತದಲ್ಲಿ ಮರಾಠರು ಸೋತದ್ದೇ ತಡ ಅದೇ ಪಕ್ಷದ ನಿಜಾಮ ಅಲಿಯ ದಂಡು ಪುಣೆಯತ್ತ ನುಗ್ಗಿತು. 1853ರಲ್ಲಿ ಸೈನ್ಯದ ಸಾಲಕ್ಕಾಗಿ ನಳದುರ್ಗ ಸೀಮೆ ಇಂಗ್ಲಿಷರ ಕೈಸೇರಿ, 1860ರಲ್ಲಿ ಮರಳಿ ನಿಜಾಮನದಾಯಿತು.

ಹಳ್ಳಿಯೊಳಗಿನ ಕರಾರು ಮಾತ್ರ ಇವೆಲ್ಲಕ್ಕಿಂತ ಗಟ್ಟಿಯಾಗಿತ್ತು. ಕನ್ನಡದಲ್ಲಿ ಆಯ ಎಂದೂ ಮರಾಠಿಯಲ್ಲಿ ಬಲುತೆ ಎಂದೂ ಕರೆಯುವ ಈ ಏರ್ಪಾಡಿನಲ್ಲಿ, ಊರಿಗೆ ಗೊತ್ತಾದ ಸೇವೆ ಸಲ್ಲಿಸುವ ಕುಲಗಳಿಗೆ ಸುಗ್ಗಿಯಲ್ಲಿ ರೈತ ಧಾನ್ಯದ ಪಾಲು ಕೊಡುತ್ತಿದ್ದನು. ಬಡಿಗ, ಕಮ್ಮಾರ, ಕುಂಬಾರರ ಆಯವು ಅವರ ಕೈಕಸುಬಿನ ಬೆಲೆಯಾಗಿದ್ದರೆ, ಮಾದಿಗ, ಮಾಂಗ, ಹೊಲೆಯ, ಮಹಾರ ಕುಲಗಳವರ ಪಾಲಿಗೆ ಕಸುಬಿನ ಜೊತೆಗೆ ಅಪಮಾನವೂ ಅಂಟಿಕೊಂಡಿತ್ತು: ಸತ್ತ ದನ ಹೊರುವುದು, ತೊಗಲಿನ ಮಿಣಿ ಒದಗಿಸುವುದು, ದೇವಿಯ ಜಾತ್ರೆಯಲ್ಲಿ ಹಲಗೆ ಬಾರಿಸುವುದು, ಸಾವಿನ ಸುದ್ದಿಯನ್ನು ಪರವೂರಿಗೆ ಮುಟ್ಟಿಸುವುದು. ಜೋಳದ ರಾಶಿ ಪೂಜೆಯಾದ ಮೇಲೆ ಕಣದ ಅಂಚಿನಲ್ಲಿ ನಿಂತು ಸೆರಗೊಡ್ಡಿದವರಿಗೆ ಬೀಳುವ ಕಾಳು ವರ್ಷವಿಡೀ ತಪ್ಪದೆ ಸಲ್ಲಿಸಿದ ಚಾಕರಿಗೆ ಕಟ್ಟುಬಿದ್ದದ್ದು. ಒಂದು ಚಾಕರಿ ತಪ್ಪಿದರೂ ಆಯ ತಪ್ಪಬಹುದಾಗಿತ್ತು.

1870ರಲ್ಲಿ ಭಾರತಕ್ಕೆ ಬಂದ ವಿಲಿಯಂ ಟೇಲರನ ಪ್ರಚಾರದಿಂದ ದಕ್ಷಿಣದಲ್ಲಿ ಬೇರೂರಿದ ಅಮೆರಿಕನ್ ಮೆಥೋಡಿಸ್ಟ್ ಮಿಷನ್ನು 19ನೆಯ ಶತಮಾನದ ಕೊನೆಯ ಭಾಗದಲ್ಲಿ ಬೀದರ ಸೀಮೆಯಲ್ಲಿ ನೆಲೆಯೂರಿತು. ಅದು ಹೊತ್ತುತಂದ ಸುವಾರ್ತೆಯ, ಅಂದರೆ ಕ್ರಿಸ್ತನ ಶುಭಸಂದೇಶದ, ಮೂಲದಲ್ಲಿರುವುದು ಒಡಂಬಡಿಕೆ, ಎಂದರೆ ದೇವರು ಮನುಷ್ಯರೊಂದಿಗೆ ಮಾಡಿಕೊಳ್ಳುವ ಮಾತಿನ ಸಂಬಂಧ. ಬೈಬಲಿನ ಆದಿಕಾಂಡದ 15ನೆಯ ಅಧ್ಯಾಯದಲ್ಲಿ ಅಬ್ರಾಮನು ಮೂರು ವರ್ಷದ ಕಡಸು, ಆಡು ಮತ್ತು ಟಗರನ್ನು ಸೀಳಿ ಹೋಳುಗಳನ್ನು ಎದುರುಬದುರಾಗಿ ಇಡುತ್ತಾನೆ, ಮೇಲೆರಗುವ ಹದ್ದುಗಳನ್ನು ಓಡಿಸುತ್ತಾನೆ, ಹೊತ್ತು ಮುಳುಗುವಾಗ ಗಾಢನಿದ್ದೆಗೆ ಬೀಳುತ್ತಾನೆ; ಆಗ ಹೊಗೆಯಾಡುವ ಒಲೆಯೂ ಉರಿಯುವ ಪಂಜೂ ಆ ಹೋಳುಗಳ ನಡುವೆ ಹಾದುಹೋಗುತ್ತವೆ. ಹೋಳುಗಳ ನಡುವೆ ನಡೆಯುವವನು ಮಾತು ತಪ್ಪಿದರೆ ಆ ಪಶುವಿನ ಗತಿ ತನಗೇ ಬರಲೆಂದು ಒಪ್ಪಿಕೊಂಡಂತೆ ಎಂಬ ಪದ್ಧತಿಯ ಸುಳಿವು ಯೆರೆಮೀಯನ ಗ್ರಂಥದ 34ನೆಯ ಅಧ್ಯಾಯದಲ್ಲಿದೆ. ಇಲ್ಲಿ ನಡೆದುಹೋದವನು ದೇವರೊಬ್ಬನೇ, ಅಬ್ರಾಮನು ಮಲಗಿದ್ದನು. ಹೊಣೆಯೆಲ್ಲ ಕೊಟ್ಟವನ ಮೇಲೆಯೇ ಇರುವ ಈ ಬಗೆಯ ವಾಗ್ದಾನವನ್ನು ದೈವಶಾಸ್ತ್ರದಲ್ಲಿ ನಿಬಂಧನೆಯಿಲ್ಲದ ಒಡಂಬಡಿಕೆ ಎನ್ನುತ್ತಾರೆ. ಪ್ರತಿ ಸೇರು ಕಾಳಿಗೂ ಚಾಕರಿಯ ಕರಾರಿದ್ದ ಕೇರಿಗಳಲ್ಲಿ ಈ ಬೋಧೆಗೆ ವಿಶೇಷ ತೂಕ ಒದಗಿತು ಎಂದು ಧಾರಾಳವಾಗಿ ಹೇಳಬಹುದು. ಕೃಪೆಯ ಮಾತು ಈ ನೆಲಕ್ಕೆ ಆಗಲೇ ಮೊದಲು ಬಂದದ್ದೇನೂ ಅಲ್ಲ. ಉದಗೀರ, ನಿಲಂಗಾಗಳೂ ಸೇರಿರುವ ಮರಾಠವಾಡದ ಕಂಧಾರದಲ್ಲಿ ಉರಿಲಿಂಗದೇವರ ಶಿಷ್ಯರಾದ ದಲಿತ ಶರಣ ಉರಿಲಿಂಗಪೆದ್ದಿಗಳು ಗುರುಪೀಠಕ್ಕೇರಿದ ಪರಂಪರೆಯನ್ನು ಮರೆಯಲಾಗದು.

ಮುಂದೆ ಅಬ್ರಹಾಮನೆಂದು ಹೆಸರಾದ ಅಬ್ರಾಮನ ಮೂಲಕ ಭೂಮಿಯ ಎಲ್ಲ ಕುಲಗಳಿಗೂ ಆಶೀರ್ವಾದ ಸಲ್ಲಬೇಕೆಂಬುದೂ ದೇವರು ಅವನಿಗಿತ್ತ ವಾಗ್ದಾನದ ಭಾಗವಾದ್ದರಿಂದ, ಅದನ್ನು ಕೇಳಿದವನು ಇನ್ನೊಬ್ಬನಿಗೆ ಹೇಳದೆ ಇರುವಂತಿರಲಿಲ್ಲ. ಬೀದರ ಸೀಮೆಯ ಮಾದಿಗ ಕೇರಿಗಳಲ್ಲಿ ಸಂದೇಶವು ಪರದೇಶದ ಪಾದ್ರಿಯಿಂದ ಹಬ್ಬಿದ್ದಕ್ಕಿಂತ ಹೆಚ್ಚಾಗಿ ಊರಿನ ಬೋಧಕರಿಂದ, ಮನೆಮನೆಗೆ ಹೋಗಿ ಹೆಂಗಸರಿಗೆ ಓದಿ ಹೇಳುತ್ತಿದ್ದ ಬೈಬಲ್ ಸ್ತ್ರೀಯರಿಂದ, ಬೀಗರ ಮಾತಿನಿಂದ ಹಬ್ಬಿತು. ಮೆಥೋಡಿಸ್ಟ್ ಮಿಷನರಿ ಪಿಕೆಟ್ 1933ರಲ್ಲಿ ಪ್ರಕಟಿಸಿದ, ಭಾರತದ ಸಾಮೂಹಿಕ ಮತಾಂತರಗಳ ಅಧ್ಯಯನವೂ ಇಂಥ ಚಳವಳಿಗಳು ಕುಲ ಮತ್ತು ನಂಟಸ್ತನದ ದಾರಿ ಹಿಡಿದೇ ಸಾಗುತ್ತವೆಂದು ತೋರಿಸಿತು. ಜಾತ್ರೆಯನ್ನೂ ಜನ ಬಿಟ್ಟುಕೊಡಲಿಲ್ಲ. ವಿಕಾರಾಬಾದ್ ಬಳಿಯ ಧಾರೂರಿನಲ್ಲಿ ನಡೆಯುವ ಮೆಥೋಡಿಸ್ಟ್ ಕ್ರೈಸ್ತ ಜಾತ್ರೆಗೆ ತೆಲಂಗಾಣದವರ ಜೊತೆಗೆ ಕರ್ನಾಟಕ, ಮಹಾರಾಷ್ಟ್ರಗಳ ಗಡಿಯವರೂ ಸೇರುತ್ತಾರೆ.

ಹೊಸ ಕ್ರೈಸ್ತ ಸಭೆಗಳ ದಾರಿ ಸುಗಮವಾಗಿರಲಿಲ್ಲ. ಸತ್ತ ದನದ ಮಾಂಸ ಮತ್ತು ಹೆಂಡವನ್ನು ಬಿಡಬೇಕು, ದೇವಿಯ ಮುಂದೆ ಹಲಗೆ ಬಾರಿಸಬಾರದು ಎಂಬ ಶಿಸ್ತನ್ನು ಮಿಷನ್‌ಗಳು ದೀಕ್ಷಾಸ್ನಾನ ಪಡೆದವರಿಂದ ನಿರೀಕ್ಷಿಸುತ್ತಿದ್ದವು. ಹಲಗೆ ಬಿಟ್ಟವನಿಗೆ ಆಯವೂ ಕೈತಪ್ಪುವ ಭಯವಿತ್ತು. ಈ ಶಿಸ್ತು ಕೃಪೆಗೆ ತೆರುವ ಬೆಲೆಯಲ್ಲ, ಕೃಪೆ ಪಡೆದವರ ಪ್ರತಿಸ್ಪಂದನೆ ಎಂಬುದು ಮೆಥೋಡಿಸ್ಟ್ ಬೋಧೆ; 1755ರಲ್ಲಿ ಜಾನ್ ವೆಸ್ಲಿ ಆರಂಭಿಸಿದ, ಹೊಸ ವರ್ಷದ ಹೊತ್ತಿಗೆ ನಡೆಯುವ ಒಡಂಬಡಿಕೆಯ ಆರಾಧನೆಯ ತಿರುಳೂ ಅದೇ. ಆದರೆ ಹಸಿದವನ ಪಾಲಿಗೆ ಆಯ ಕಳೆದುಕೊಳ್ಳುವುದು ಸಣ್ಣ ಮಾತಾಗಿರಲಿಲ್ಲ, ಮತ್ತು ಆ ಹೊರೆಯನ್ನು ಹೊತ್ತವರ ಧೈರ್ಯವನ್ನು ಮಿಷನ್ ಇತಿಹಾಸಗಳು ಇನ್ನೂ ಸಾಕಷ್ಟು ಗೌರವಿಸಿಲ್ಲ.

ಸ್ವತಂತ್ರ ಭಾರತದಲ್ಲಿ ಬೇರೆ ಬಗೆಯ ನಿಬಂಧನೆ ಬಂತು. ಪರಿಶಿಷ್ಟ ಜಾತಿಗಳನ್ನು ಗುರುತಿಸಿದ 1950ರ ರಾಷ್ಟ್ರಪತಿ ಆದೇಶವು ಆ ಸ್ಥಾನವನ್ನು ಮೂಲತಃ ಹಿಂದೂಗಳಿಗೆ ಸೀಮಿತಗೊಳಿಸಿ, 1956ರಲ್ಲಿ ಸಿಖ್ಖರನ್ನೂ 1990ರಲ್ಲಿ ಬೌದ್ಧರನ್ನೂ ಒಳಗೊಂಡಿತೇ ಹೊರತು ಕ್ರೈಸ್ತರನ್ನಲ್ಲ. 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಅಂಬೇಡ್ಕರ್ ಬೌದ್ಧ ದೀಕ್ಷೆ ಪಡೆದ ಮೇಲೆ ಮರಾಠವಾಡದ ಮಹಾರ ಕೇರಿಗಳು ಆ ದಾರಿ ಹಿಡಿದವು. ಹದಿನೆಂಟು ದಿನಗಳ ನಂತರ, ನವೆಂಬರ್ 1ರಂದು, ರಾಜ್ಯಗಳ ಮರುವಿಂಗಡಣೆಯಲ್ಲಿ ಉದಗೀರ, ನಿಲಂಗಾ, ಅಹಮದಪುರ ತಾಲೂಕುಗಳು ಬೀದರದಿಂದ ಬೇರ್ಪಟ್ಟು ಮುಂಬಯಿ ರಾಜ್ಯಕ್ಕೆ ಹೋದವು. ಹೊಸ ಗಡಿಯ ಎರಡೂ ಬದಿಯಲ್ಲಿ, ಒಂದೇ ಬಗೆಯ ಅಸ್ಪೃಶ್ಯತೆಯನ್ನು ಉಂಡ ಕುಲಗಳಿಗೆ ಆ ಆದೇಶದಿಂದ ಧರ್ಮಕ್ಕೊಂದರಂತೆ ಬೇರೆ ಬೇರೆ ಹಕ್ಕು ದೊರೆತದ್ದು ನ್ಯಾಯವೆನಿಸದು. ಮತಾಂತರಗೊಂಡ ದಲಿತರ ಸ್ಥಾನಮಾನವನ್ನು ಪರಿಶೀಲಿಸಲು ಕೇಂದ್ರ ಸರ್ಕಾರವು 2022ರ ಅಕ್ಟೋಬರ್‌ನಲ್ಲಿ ನಿವೃತ್ತ ಮುಖ್ಯ ನ್ಯಾಯಮೂರ್ತಿ ಕೆ. ಜಿ. ಬಾಲಕೃಷ್ಣನ್ ಅವರ ಅಧ್ಯಕ್ಷತೆಯಲ್ಲಿ ಆಯೋಗವನ್ನು ನೇಮಿಸಿತು.